ನಲವತ್ತು ಬಿಳಿ ಚುಕ್ಕೆ

ಸಾಮ್ರಾಜ್ಯಗಳ ಏಳುಬೀಳನ್ನೇ ಇಪ್ಪತ್ತೆರಡು ವರ್ಷ ನಿಭಾಯಿಸಿದವನಿಗೆ ಅರವತ್ತು ಬಸವನಹುಳು ಯಾವ ಲೆಕ್ಕ! ಶನಿವಾರ ಮಧ್ಯಾಹ್ನ ಪ್ಲಾಸ್ಟಿಕ್ ಟಬ್ಬನ್ನು ಎದೆಗವಚಿಕೊಂಡು ಶಾಲೆಯಿಂದ ಮನೆಗೆ ಬರುವಾಗ ಇಸವಿ ಮೇಷ್ಟ್ರಿಗೆ ಇದ್ದದ್ದು ಇಷ್ಟು ಧೈರ್ಯ. ಇತಿಹಾಸ ಕಲಿಸುವ ಅವರು ಮಾತಿಗೊಂದು ಇಸವಿ ಉದುರಿಸುತ್ತಾರೆಂದು ಮಕ್ಕಳು ಇಟ್ಟ ಹೆಸರದು. ಅವರ ಗೆಳೆಯ, ಜೀವಶಾಸ್ತ್ರದ ಮೇಷ್ಟ್ರಿಗೆ ಅದೇ ಮಕ್ಕಳು ಹುಳು ಮೇಷ್ಟ್ರು ಎಂದು ನಾಮಕರಣ ಮಾಡಿದ್ದರು. ಇಬ್ಬರಿಗೂ ಸ್ಟಾಫ್ ರೂಮಿನಲ್ಲಿ ಒಂದೇ ಮೇಜು, ಒಂದೇ ಫ್ಲಾಸ್ಕು, ಹತ್ತೊಂಬತ್ತು ವರ್ಷ. ಹುಳು ಮೇಷ್ಟ್ರು ತೀರಿಕೊಂಡು ಆ ಶನಿವಾರಕ್ಕೆ ಹನ್ನೊಂದು ದಿನವಾಗಿತ್ತು.

ಅವರ ಪಾಠ ಅರ್ಧಕ್ಕೆ ನಿಂತಿತ್ತು. ಹೊಸಬರು ಬರುವವರೆಗೆ ತರಗತಿ ಯಾರು ನೋಡಿಕೊಳ್ಳುತ್ತೀರಿ ಎಂದು ಮುಖ್ಯೋಪಾಧ್ಯಾಯಿನಿ ಕೇಳಿದಾಗ, ಪ್ರಶ್ನೆ ಮುಗಿಯುವ ಮೊದಲೇ ಇಸವಿ ಮೇಷ್ಟ್ರ ಕೈ ಮೇಲೆದ್ದಿತ್ತು. ಎದ್ದ ಕೈಯನ್ನು ಇಳಿಸುವುದು ಹೇಗೆ? ಮೂರು ದಿನ ಕೂತು ಒಪ್ಪಂದದ ತಾರೀಖುಗಳಂತೆ ಬಾಯಿಪಾಠ ಮಾಡಿದರು. ಒಂದೇ ಜಾತಿಯವು ಒಂದೆಡೆ ಬಾಳಿದರೆ ಜೀವಿಸಂದಣಿ. ಹಲವು ಸಂದಣಿ ಸೇರಿದರೆ ಜೀವಿಸಮುದಾಯ. ಅದಕ್ಕೆ ಮಣ್ಣು, ನೀರು, ಗಾಳಿ, ಬಿಸಿಲು ಕೂಡಿದರೆ ಪರಿಸರ ವ್ಯವಸ್ಥೆ. ಮರುಭೂಮಿ, ಹುಲ್ಲುಗಾವಲು, ಮಳೆಕಾಡು, ಹಿಮಬಯಲು, ಇಂಥ ಮಹಾವಿಸ್ತಾರಗಳೆಲ್ಲ ಜೀವವಲಯ.

ಆದರೆ ಗೆಳೆಯನ ಪಾಠದ ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಸಾಲಿತ್ತು. "ನಮ್ಮ ಶಾಲೆಯ ತೋಟದ ಬಸವನಹುಳುಗಳ ಸಂದಣಿ:" ಅದರ ಮುಂದೆ ಖಾಲಿ.

ತೋಟದ ಹುಳುಗಳನ್ನೆಲ್ಲ ಎಣಿಸಲು ಯಾರಿಂದಲೂ ಆಗದು. ಅದಕ್ಕೊಂದು ಉಪಾಯವಿದೆ. ಹುಳು ಮೇಷ್ಟ್ರು ಮಕ್ಕಳಿಂದ ನಲವತ್ತು ಹುಳು ಹಿಡಿಸಿ, ಚಿಪ್ಪಿನ ಮೇಲೆ ವೈಟ್ನರ್‌ನ ಚುಕ್ಕೆ ಇಡಿಸಿ ಬಿಟ್ಟಿದ್ದರು. ಎರಡು ಮೂರು ವಾರ ಕಳೆದ ಮೇಲೆ ಕಂಡಷ್ಟು ಹುಳು ಮತ್ತೆ ಹಿಡಿಯಬೇಕು. ಹಿಡಿದವುಗಳಲ್ಲಿ ಕಾಲು ಭಾಗಕ್ಕೆ ಚುಕ್ಕೆ ಇದ್ದರೆ, ಆ ನಲವತ್ತು ಇಡೀ ಸಂದಣಿಯ ಕಾಲು ಭಾಗ. ಅಂದರೆ ತೋಟದಲ್ಲಿ ನೂರ ಅರವತ್ತು ಹುಳು. ಎರಡನೇ ಸಲ ಹಿಡಿಯುವ ಹೊತ್ತಿಗೆ ಹುಳು ಮೇಷ್ಟ್ರು ಇರಲಿಲ್ಲ. ಆ ಖಾಲಿ ಜಾಗ ತುಂಬುವುದು ತನ್ನ ಕೆಲಸ ಎಂದು ಇಸವಿ ಮೇಷ್ಟ್ರು ತೀರ್ಮಾನಿಸಿಬಿಟ್ಟರು.

ಶನಿವಾರ ಮಕ್ಕಳು ಅರವತ್ತು ಹಿಡಿದರು. ಚುಕ್ಕೆ ಎಣಿಸುವಷ್ಟರಲ್ಲಿ ಬೆಲ್ ಹೊಡೆಯಿತು. ಅಲ್ಲೇ ಎಣಿಸಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸಾಕ್ಷಿ ಎದುರಿಗಿಲ್ಲದೆ ಚರಿತ್ರೆ ಬರೆಯುವವರೇ ಅವರು? ಸೋಮವಾರ ಇಡೀ ತರಗತಿಯ ಸಮ್ಮುಖದಲ್ಲಿ ಎಣಿಸೋಣ ಎಂದು ಟಬ್ಬನ್ನು ಹೊತ್ತು ತಂದರು. ಮೇಲೆ ನೀರು ಚಿಮುಕಿಸಿದ ನ್ಯೂಸ್ ಪೇಪರ್ ಮುಚ್ಚಿ ದಾರ ಕಟ್ಟಿದರು.

ಹೆಂಡತಿ ಟಬ್ಬನ್ನೂ ಗಂಡನನ್ನೂ ಒಮ್ಮೆ ನೋಡಿದಳು. ಮೇಷ್ಟ್ರು ಹೊಸ ಪಾಂಡಿತ್ಯವನ್ನು ಮೊದಲು ಮನೆಯಲ್ಲೇ ಪ್ರಯೋಗಿಸಿದರು.

"ಈ ಮನೇನೂ ಒಂದು ಪರಿಸರ ವ್ಯವಸ್ಥೆ ಕಣೇ. ನೀನು ಉತ್ಪಾದಕಿ, ನಾನು ಭಕ್ಷಕ."

ಅವಳು ಕುರ್ಚಿಯ ಮೇಲಿದ್ದ ಅವರ ಒದ್ದೆ ಟವೆಲ್ ಎತ್ತಿಕೊಳ್ಳುತ್ತಾ ಕೇಳಿದಳು. "ಎಲ್ಲೆಂದರಲ್ಲಿ ಬಿದ್ದು ಕೊಳೆಯೋದನ್ನ ಸರಿ ಮಾಡೋರಿಗೆ ಏನಂತಾರ್ರೀ?"

"ವಿಘಟಕ."

"ಹಾಗಾದ್ರೆ ಅದನ್ನೂ ನನ್ನ ಹೆಸರಿಗೇ ಬರ್ಕೊಳ್ಳಿ."

ಭಾನುವಾರ ಬೆಳಿಗ್ಗೆ ನೋಡಿದರೆ ಪೇಪರಿನ ನಡುವೆ ತಟ್ಟೆಯಗಲದ ತೂತು. ಬಸವನಹುಳುಗಳಿಗೆ ಒದ್ದೆ ಕಾಗದವೆಂದರೆ ಮೃಷ್ಟಾನ್ನ ಎಂಬುದು ಹುಳು ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಸಂಪಾದಕೀಯವನ್ನು ಕೊನೆಯ ಅಕ್ಷರದವರೆಗೂ ಅರಗಿಸಿಕೊಂಡ ಓದುಗರು ಬಹುಶಃ ಇವರೇ ಮೊದಲಿಗರು! ಟಬ್ಬಿನ ತಳದಲ್ಲಿ ಉಳಿದಿದ್ದವು ನಾಲ್ಕು. ಉಳಿದ ಐವತ್ತಾರು ಮಹಾವಲಸೆ ಹೊರಟಿದ್ದವು.

ಮೇಷ್ಟ್ರು ಶಾಸ್ತ್ರೋಕ್ತವಾಗಿಯೇ ಹುಡುಕಲು ಹೊರಟರು. ತಾರಸಿ ಮರುಭೂಮಿ; ಅಲ್ಲಿ ಜೀವದ ಸುಳಿವಿಲ್ಲ. ಫ್ರಿಜ್ಜು ಹಿಮಬಯಲು, ಅದನ್ನು ಮೂರನೇ ಸಲ ತೆಗೆಯಲು ಹೆಂಡತಿ ಬಿಡಲಿಲ್ಲ. ಬಚ್ಚಲುಮನೆ ಮಳೆಕಾಡು, ಅಲ್ಲಿ ಹಂಡೆಯ ಹಿಂದೆ, ಬಕೆಟ್ಟಿನ ಅಡಿಯಲ್ಲಿ, ಟೂತ್‌ಬ್ರಷ್ಷಿನ ಲೋಟದಲ್ಲಿ ಒಟ್ಟು ಇಪ್ಪತ್ತಮೂರು. ಸಿಂಕಿನ ಕೆಳಗೆ ಹದಿನಾಲ್ಕು. ಮೇಷ್ಟ್ರ ಬೂಟಿನೊಳಗೆ ಒಂದು ಸಂಸಾರ. ಹಿತ್ತಲಿನ ಬಾಗಿಲ ಸಂದಿನಲ್ಲಿ, ಹೂಕುಂಡಗಳ ಸುತ್ತ, ಉಳಿದವು. ಹೆಜ್ಜೆ ಇಡುವಾಗಲೆಲ್ಲ ಪ್ರಾಣ ಬಾಯಿಗೆ ಬರುತ್ತಿತ್ತು. ಒಮ್ಮೆ ಕಾಲಡಿ ಏನೋ ಪಟ್ಟೆಂದಿತು. ಕಣ್ಣು ಮುಚ್ಚಿ ನಿಂತುಬಿಟ್ಟರು. ಹೆಂಡತಿ ಬಗ್ಗಿ ನೋಡಿ, ಕಡಲೆಕಾಯಿ ಸಿಪ್ಪೆ, ಕಾಲು ತೆಗೀರಿ ಅಂದಳು.

ಮಧ್ಯಾಹ್ನದ ಹೊತ್ತಿಗೆ ಐವತ್ತೇಳು ಸಿಕ್ಕಿದವು. ಚುಕ್ಕೆ ಇದ್ದವು ಹನ್ನೊಂದು. ಇನ್ನೂ ಮೂರು ಬೇಕು, ಆ ಮೂರರಲ್ಲಿ ಚುಕ್ಕೆಯವು ಎಷ್ಟೋ! ಮೇಷ್ಟ್ರು ಊಟ ಒಲ್ಲೆ ಎಂದರು. ಟಬ್ಬಿನ ಮುಂದೆ ಕೂತು ಒಂದೊಂದನ್ನೇ ಎತ್ತಿ ನೋಡುತ್ತಾ, ಅವನು ನಲವತ್ತು ಇಡಿಸಿದ್ದ, ಇಲ್ಲಿ ಹನ್ನೊಂದೇ ಇವೆ ಎಂದು ಮತ್ತೆ ಮತ್ತೆ ಹೇಳಿದರು. ಉಳಿದವು ತೋಟದಲ್ಲಿ ಇರಬೇಕಾದವೇ ಎಂದು ಪುಸ್ತಕ ಹೇಳುತ್ತಿತ್ತು. ಎದೆ ಕೇಳುತ್ತಿರಲಿಲ್ಲ. ಹನ್ನೆರಡು ದಿನದಿಂದ ಅದು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ಕುರ್ಚಿಯಲ್ಲೇ ನಿದ್ದೆ ಹೋದರು.

ಎಚ್ಚರವಾದಾಗ ಟಬ್ಬಿಗೆ ತೆಳು ಬಟ್ಟೆ ಬಿಗಿಯಾಗಿ ಕಟ್ಟಿತ್ತು. ಅರವತ್ತೂ ಸೇರಿದವು, ಚುಕ್ಕೆಯವೂ ಎಲ್ಲಾ ಇವೆ, ಇನ್ನು ಬಿಚ್ಚಬೇಡಿ, ಕೈ ತೊಳ್ಕೊಂಡು ಬನ್ನಿ ಅಂದಳು ಹೆಂಡತಿ. ಅವತ್ತು ಮೇಷ್ಟ್ರು ಎರಡು ಸಲ ಬಡಿಸಿಕೊಂಡು ಉಂಡರು.

ಸೋಮವಾರ ಮೊದಲ ಪೀರಿಯಡ್. ಮೇಜಿನ ಮೇಲೆ ಟಬ್ಬು, ಸುತ್ತ ಮಕ್ಕಳು. ಎಣಿಕೆಗೆ ನಿಂತವಳು ಮೊದಲ ಬೆಂಚಿನ ಹುಡುಗಿ, ಎಲ್ಲದಕ್ಕೂ ಪಾಟಿಸವಾಲು ಹಾಕುತ್ತಾಳೆಂದು ಸ್ಟಾಫ್ ರೂಮಿನಲ್ಲಿ ವಕೀಲೆ ಎಂದು ಕರೆಸಿಕೊಂಡವಳು.

"ಒಟ್ಟು ಅರವತ್ತು ಸಾರ್. ಚುಕ್ಕೆ ಇರೋದು ನಲವತ್ತು."

ಇಸವಿ ಮೇಷ್ಟ್ರು ಟಬ್ಬಿನೊಳಗೆ ಬಗ್ಗಿ ನೋಡಿದರು. ನಿನ್ನೆ ಹನ್ನೊಂದು, ಇವತ್ತು ನಲವತ್ತು! ಬೆಳಿಗ್ಗೆ ಹೆಂಡತಿಯ ಹೆಬ್ಬೆರಳಿನಲ್ಲಿ ಬಿಳಿ ಕಲೆ ಕಂಡು ಸುಣ್ಣವಿರಬೇಕು ಅಂದುಕೊಂಡಿದ್ದರು. ವಕೀಲೆ ಅಷ್ಟರಲ್ಲಿ ಬೋರ್ಡಿನ ಮೇಲೆ ಗುಣಿಸಿ, ಭಾಗಿಸಿ, ಸೀಮೆಸುಣ್ಣ ಕೆಳಗಿಟ್ಟಾಗಿತ್ತು.

"ಉತ್ತರ ಅರವತ್ತು ಸಾರ್. ಅಂದ್ರೆ ಇರೋ ಹುಳ ಎಲ್ಲಾ ಈ ಟಬ್ಬಲ್ಲೇ ಇದೆ. ತೋಟದಲ್ಲಿ ಒಂದೂ ಇಲ್ಲ."

ಕಿಟಕಿಯ ಬಳಿ ಇದ್ದವರು ನಕ್ಕರು. ಹೊರಗೆ ಒದ್ದೆ ಕಾಂಪೌಂಡ್ ಗೋಡೆಯ ಮೇಲೆ ಆರೇಳು ಹುಳುಗಳು ನಿಧಾನವಾಗಿ ಹತ್ತುತ್ತಿದ್ದವು. ಎರಡರ ಬೆನ್ನ ಮೇಲೆ ಬಿಳಿ ಚುಕ್ಕೆ.

ಮೇಷ್ಟ್ರು ಒಂದು ನಿಮಿಷ ಎಂದು ಕಾರಿಡಾರಿಗೆ ಹೋಗಿ ಮನೆಗೆ ಫೋನ್ ಮಾಡಿದರು.

"ನೀನೇನಾದ್ರೂ ಚುಕ್ಕೆ ಇಟ್ಯೇನೇ?"

"ಇಪ್ಪತ್ತೊಂಬತ್ತು. ಯಾಕ್ರೀ, ಕಮ್ಮಿ ಬಿತ್ತಾ?"

ಆ ಕಡೆಯಿಂದ ಅವಳೇ ಹೇಳಿದಳು. ಸಿಗದೆ ಹೋದ ಮೂರಕ್ಕೆ ಬದಲು ನಮ್ಮ ಕುಂಡದ್ದೇ ಮೂರು ಹಾಕಿದೆ, ಅಲ್ಲೂ ಬೇಕಾದಷ್ಟಿವೆ. ಆಮೇಲೆ ದನಿ ತಗ್ಗಿತು. "ಅವರಿಟ್ಟ ಚುಕ್ಕೆ ಅಷ್ಟೂ ಇದೆ ಅಂತ ಗೊತ್ತಾದ್ರೆ ಒಂದು ತುತ್ತು ತಿಂತೀರಾ ಅಂತ ಮಾಡಿದೆ ಕಣ್ರೀ."

ಬೈಯಲು ಮಾಡಿದ ಫೋನನ್ನು, ತಿಂಡಿ ಆಯ್ತಾ ಎಂದು ವಿಚಾರಿಸಿ ಇಟ್ಟರು.

ಒಳಗೆ ಬಂದು ಮಕ್ಕಳ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟರು: ಪೇಪರು, ತೂತು, ಬಚ್ಚಲುಮನೆ, ಬೂಟು, ಇಪ್ಪತ್ತೊಂಬತ್ತು ಚುಕ್ಕೆ. ಬಚ್ಚಲುಮನೆಯವರೆಗೆ ಮುಸಿಮುಸಿ ಇದ್ದ ನಗು ಬೂಟಿಗೆ ಬಂದಾಗ ಕಟ್ಟೆಯೊಡೆಯಿತು. ವಕೀಲೆ ಮಾತ್ರ ನಗಲಿಲ್ಲ. ಹೊಸಬರು ಒಳಗೆ ಬರಬಾರದು, ಇದ್ದವರು ಹೊರಗೆ ಹೋಗಬಾರದು, ಆಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ, ಈಗ ಯಾವುದು ತೋಟದ್ದು ಯಾವುದು ಕುಂಡದ್ದು ಅಂತ ಯಾರಿಗೂ ಗೊತ್ತಿಲ್ಲ ಎಂದು ವಾದ ಮಂಡಿಸಿದಳು. ಬೇರೆ ಬಣ್ಣದ ಚುಕ್ಕೆ ಇಟ್ಟು ಮೊದಲಿನಿಂದ ಶುರು ಮಾಡಬೇಕು ಎಂಬುದು ತೀರ್ಪು.

"ಹಾಗಾದ್ರೆ ಅವರು ಮಾಡಿದ್ದೆಲ್ಲ ವ್ಯರ್ಥವಾಯ್ತು," ಎಂದರು ಮೇಷ್ಟ್ರು. ತರಗತಿಗೆ ಹೇಳಿದ ಮಾತಲ್ಲ. ಆದರೂ ಕೇಳಿಸಿತು. ನಗು ನಿಂತಿತು.

"ಅವರದ್ದೂ ಎರಡು ಸಲ ಕೆಟ್ಟಿತ್ತು ಸಾರ್," ಎಂದಳು ವಕೀಲೆ. "ಫಸ್ಟು ಸೀಮೆಸುಣ್ಣದಲ್ಲಿ ಇಟ್ರು, ಮಳೆಗೆ ತೊಳೆದು ಹೋಯ್ತು. ಇನ್ನೊಂದ್ಸಲ ಎಣಿಸ್ತಾ ಎಣಿಸ್ತಾ ಯಾವುದೋ ಒಂದು ಹುಳದ ಕೊಂಬು ನೋಡ್ಕೊಂಡು ಕೂತ್ರು, ಎಣಿಕೆನೇ ಮರ್ತುಬಿಟ್ರು. ಆಮೇಲೆ ಅವರನ್ನ ಎಣಿಸೋಕೆ ನಾವು ಬಿಡ್ಲೇ ಇಲ್ಲ."

ಹತ್ತೊಂಬತ್ತು ವರ್ಷದಲ್ಲಿ ಆ ಮಹಾಶಯ ಇದನ್ನು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ! ಇಸವಿ ಮೇಷ್ಟ್ರಿಗೆ ನಗು ಬಂತು, ಮೂಗೂ ಸೋರಿತು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ಮಕ್ಕಳು ಆಗಲೇ ಟಬ್ಬು ಎತ್ತಿಕೊಂಡು ತೋಟಕ್ಕೆ ಹೊರಟಿದ್ದರು. ಕುಂಡದವು ಯಾವುವೆಂದು ತಿಳಿಯದೆ ಎಲ್ಲವನ್ನೂ ಬಿಡುವುದೋ ಬೇಡವೋ ಎಂಬ ಜಗಳ ಅಲ್ಲಿಂದಲೇ ಶುರುವಾಗಿತ್ತು. ಮೇಷ್ಟ್ರು ಹಿಂದೆ ಹಿಂದೆ ಹೋಗಿ, ನಾನೂ ಎಣಿಸಲೇ ಎಂದು ಮೆತ್ತಗೆ ಕೇಳಿದರು.

"ಬೇಡಿ ಸಾರ್. ನೀವು ದೂರ ನಿಂತ್ಕೊಳ್ಳಿ, ಸಾಕು."

"ಅವರು ಎಲ್ಲಿ ನಿಲ್ತಿದ್ರಮ್ಮ?"

ವಕೀಲೆ ತಲೆ ಎತ್ತದೆಯೇ ನಲ್ಲಿಯ ಕಡೆ ಕೈ ತೋರಿಸಿದಳು. ಇಸವಿ ಮೇಷ್ಟ್ರು ಹೋಗಿ ಅಲ್ಲಿ ನಿಂತರು.