ಅತ್ತೆ ಒಳಗೆ, ಪರ್ಸಿ ಹೊರಗೆ

"ಈ ರಾವೂರಿನಾಗ ಇನ್ನೂತನಕ ಯಾರೂ ನೋಡಿರಬಾರದು, ಅಂಥಾ ನೆಲಾ ಹಾಕಸ್ತೀನಿ!"

ದೇವಿಂದ್ರಪ್ಪ ಪಡಸಾಲೆಯ ನಟ್ಟನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದಾಗ ಅವನ ಹೆಂಡತಿ ಶಿವಕಾಂತಮ್ಮ ಅದೇ ಪಡಸಾಲೆಯನ್ನು ಸೆಗಣಿಯಿಂದ ಸಾರಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ಮದಲ ಅಲ್ಲಿಂದ ಕಾಲು ತಗೀರಿ. ಹಸಿ ಅದ."

ದೇವಿಂದ್ರಪ್ಪ ಕಲ್ಲಿನ ಡಿಪೋದಲ್ಲಿ ಕಾಟಾ ಕಾರಕೂನ. ಲಾರಿ ಬಂದರೆ ತೂಕ ಮಾಡುವುದು, ಚೀಟಿ ಹರಿದು ಕೊಡುವುದು ಅವನ ಉದ್ಯೋಗ. ಅವನ ಕಣ್ಣ ಮುಂದೆಯೇ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಲಾರಿಗಟ್ಟಲೆ ಮುಂಬಯಿಗೆ ಹೋಗುತ್ತಿತ್ತು, ಮದ್ರಾಸಿಗೆ ಹೋಗುತ್ತಿತ್ತು, ಯಾರ್ಯಾರದೋ ಬಂಗಲೆಗಳಲ್ಲಿ ಹಾಸಿಕೊಂಡು ಮಲಗುತ್ತಿತ್ತು. ಅವನ ಮನೆಗೆ ಮಾತ್ರ ಬಂದಿರಲಿಲ್ಲ! ಮೈಸೂರು ರಾಜ್ಯ ಹೋಗಿ ಕರ್ನಾಟಕವೆಂದು ಹೆಸರಾದ ಮೇಲಿನ ಮೊದಲ ಬೇಸಿಗೆ ಅದು. "ರಾಜ್ಯದ ಹೆಸರೇ ಬದಲಾಗೇದ, ನನ್ನ ಮನಿ ನೆಲಾ ಬದಲಾಗಬಾರದೇನು?" ಎಂದು ಅವನ ವಾದ.

"ಹಾಕಸ್ರಿ. ನಾ ಏನು ಬ್ಯಾಡ ಅಂದೀನಾ? ಓಣ್ಯಾಗ ಭೀಮಶಾ ಮಿಸ್ತ್ರಿ ಅದಾನ, ಅವಗ ಹೇಳ್ರಿ," ಅಂದಳು ಶಿವಕಾಂತಮ್ಮ.

"ಮಿಸ್ತ್ರಿ ಬ್ಯಾರೆ, ಕಂಟ್ರಾಕ್ಟರ್ ಬ್ಯಾರೆ! ಮಿಸ್ತ್ರಿ ಕಲ್ಲು ಹಾಸ್ತಾನ. ಕಂಟ್ರಾಕ್ಟರ್ ಫ್ಲೋರಿಂಗ್ ಮಾಡ್ತಾನ!"

"ಎರಡರ ಮ್ಯಾಲೂ ನಡಿಯೋದು ಕಾಲಿಲೇನೇ ಹೌದಲ್ರಿ?"

ಈ ಪ್ರಶ್ನೆಗೆ ಉತ್ತರ ಕೊಡುವುದು ತನ್ನ ಘನತೆಗೆ ಕಡಿಮೆಯೆಂದು ಭಾವಿಸಿ ದೇವಿಂದ್ರಪ್ಪ ಕಲಬುರ್ಗಿಗೆ ಹೋಗಿ ಕಂಟ್ರಾಕ್ಟರ್ ಕಲ್ಯಾಣಪ್ಪನನ್ನು ಗೊತ್ತುಮಾಡಿಕೊಂಡು ಬಂದ. ಕಲ್ಯಾಣಪ್ಪನೆಂದರೆ ಸಾಮಾನ್ಯನೇ? ಫಟಫಟಿಯ ಮೇಲೆ ಬರುವವನು! ಕಣ್ಣಿಗೆ ಕರಿ ಚಾಳೀಸು! ಕಿಸೆಯಲ್ಲಿ ರಸಮಟ್ಟ! ಆ ರಸಮಟ್ಟವನ್ನು ಪಡಸಾಲೆಯಲ್ಲಿಟ್ಟು, ಒಳಗಿನ ಗುಳ್ಳೆಯನ್ನು ಚಾಳೀಸಿನ ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ನೋಡಿ, "ಹೂಂ" ಅಂದ. ಆ ಒಂದು ಹೂಂಕಾರಕ್ಕೆ ದೇವಿಂದ್ರಪ್ಪ ಮರುಳಾಗಿಹೋದ.

"ಹಳೇ ನೆಲಾ ಅಗೀಬೇಕಲ್ರಿ?" ಎಂದು ಕೇಳಿದ.

"ಅಗಿಯೋದು ಮಿಸ್ತ್ರಿಗೋಳ ಕೆಲಸರಿ. ನಾವು ಹಳೇದರ ಮ್ಯಾಲೇ ಹೊಸಾದು ಕುಂದ್ರಸ್ತೀವಿ. ಹೊಸಾ ಪದ್ಧತಿ!"

ದೇವಿಂದ್ರಪ್ಪ ಹೆಂಡತಿಯ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ಹುಬ್ಬು ಹಾರಿಸಿದ.

ಕೆಲಸಕ್ಕೆ ದಿನ ಗೊತ್ತಾಯಿತು. ಸರಿಯಾಗಿ ಅದರ ಹಿಂದಿನ ದಿನವೇ ತೆಂಗಳಿಯಿಂದ ಶಿವಕಾಂತಮ್ಮನ ತಾಯಿ ಅನಸುಬಾಯಿ ಮಗಳನ್ನು ನೋಡಿಹೋಗಲು ಬಂದಿಳಿದಳು. ಗಟ್ಟಿ ಮುದುಕಿ. ಗಟ್ಟಿ ಮಾತು. ನಿದ್ದೆ ಇನ್ನೂ ಗಟ್ಟಿ. ಆಕೆ ಮಲಗಿದಳೆಂದರೆ ಪಕ್ಕದ ಖಣಿಯಲ್ಲಿ ಮದ್ದಿಟ್ಟು ಸುರಂಗ ಹಾರಿಸಿದರೂ ಮಗ್ಗುಲು ಬದಲಿಸುವವಳಲ್ಲ.

ಬೆಳಿಗ್ಗೆ ಕಲ್ಯಾಣಪ್ಪನ ಆಳುಗಳು ಬಂದು ಸಿಮೆಂಟಿನ ಮಾಲು ಕಲಸತೊಡಗಿದರು. ಮನೆ ತುಂಬ ಧೂಳು. ಶಿವಕಾಂತಮ್ಮ ಅಡುಗೆಯ ಸಾಮಾನು ಹಿಡಿದುಕೊಂಡು ಎದುರುಮನೆ ಜಾನಬಿಯ ಒಲೆಗೆ ಹೋದಳು. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕೊಡಗಳಿದ್ದವು. ಅವುಗಳಲ್ಲಿ ಧೂಳು ಬೀಳಬಾರದೆಂದು ದೇವಿಂದ್ರಪ್ಪ ಬಹು ಮುಂದಾಲೋಚನೆಯಿಂದ ಅಡುಗೆಮನೆಯ ಬಾಗಿಲನ್ನು ತಾನೇ ಎಳೆದು ಮುಚ್ಚಿದ. ಒಳಗೆ ಬಗ್ಗಿ ನೋಡುವಷ್ಟು ಮುಂದಾಲೋಚನೆ ಮಾತ್ರ ಅವನಲ್ಲಿರಲಿಲ್ಲ.

ಆ ಬಾಗಿಲಿಗೊಂದು ಗುಣವಿತ್ತು. ಒಳಗೆ ಜಾಗ ಸಾಲದೆಂದು ಅದನ್ನು ಪಡಸಾಲೆಯ ಕಡೆಗೆ ತೆರೆಯುವಂತೆ ಕೂಡಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ಕನ್ನಡಿಯಾಗಿತ್ತು! ಗೋಡೆಯಿಂದ ಗೋಡೆಗೆ, ಅಡುಗೆಮನೆಯ ಬಾಗಿಲಿಗೆ ತಾಕುವಂತೆ, ನೀಲಿ ಮಿಶ್ರಿತ ಬೂದುಬಣ್ಣದ ಪರ್ಸಿ ಮಿರಿಮಿರಿ ಮಿಂಚುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ನಿಂತು ದೇವಿಂದ್ರಪ್ಪ ಕಣ್ತುಂಬ ನೋಡಿದ.

"ಒಂದು ವಾರ ಯಾರೂ ಕಾಲು ಇಡಂಗಿಲ್ಲ! ಬೆಕ್ಕು ಸೈತ!" ಎಂದು ಕಲ್ಯಾಣಪ್ಪ ಅಪ್ಪಣೆ ಮಾಡಿದ.

ಅಷ್ಟರಲ್ಲಿ ಶಿವಕಾಂತಮ್ಮ ಎದುರುಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅವ್ವನ್ನ ಕರೀರಿ. ಊಟಕ್ಕ ಹೊತ್ತಾಗೇದ."

"ಅತ್ತಿ ನಿನ್ನ ಕೂಡ ಇಲ್ಲೇನು?"

"ನನ್ನ ಕೂಡ ಎಲ್ಲಿ? ತಂಪ ಅದ ಅಂತ ಹೇಳಿ ಅಡಗಿ ಮನ್ಯಾಗ ಅಡ್ಡಾಗಿದ್ದಳಲ್ಲ!"

ಅದೇ ಕ್ಷಣಕ್ಕೆ ಪಡಸಾಲೆಯ ಆಚೆಯಿಂದ ದಡ್! ದಡ್! ಎಂದು ಸದ್ದಾಯಿತು.

"ಯಾರದು ಬಾಗಿಲಾ ಹಾಕಿದವರು? ತಗೀರಿ!"

ಬಾಗಿಲು ಹೇಗೆ ತೆರೆದೀತು? ಹಳೆಯ ನೆಲದ ಮೇಲೆ ಮಾಲು, ಮಾಲಿನ ಮೇಲೆ ಕಲ್ಲು! ಬಾಗಿಲಿನ ಬುಡ ಪರ್ಸಿಗೆ ಎದೆಕೊಟ್ಟು ನಿಂತಿತ್ತು. ಅನಸುಬಾಯಿ ದಬ್ಬಿದಷ್ಟೂ ಕಲ್ಲು ಗಟ್ಟಿಯಾಗಿ ಹಿಡಿಯಿತು. ದೇವಿಂದ್ರಪ್ಪನ ಮುಖ ಸುಣ್ಣವಾಯಿತು.

"ಒಂದು ಕಲ್ಲು ಎತ್ರಿ ಕಂಟ್ರಾಕ್ಟರ್ ಸಾಹೇಬ್ರೆ!"

"ಎತ್ತಿದ್ರ ಜೋಡಣಿ ಪೂರಾ ಕೆಡ್ತದರಿ. ಒಂದು ವಾರ ತಡೀರಿ."

"ನಮ್ಮ ಅತ್ತಿ ಒಂದು ವಾರ ಒಳಗಿರಬೇಕೇನ್ರಿ?"

ಕಲ್ಯಾಣಪ್ಪ ಗಂಭೀರವಾಗಿ ಯೋಚಿಸಿದ. "ನೀರು, ಹಿಟ್ಟು, ಒಲಿ ಎಲ್ಲಾ ಒಳಗೇ ಅದಾವಲ್ರಿ?"

ಶಿವಕಾಂತಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಚಾಳೀಸು ತೆಗೆದು ಕಿಸೆಯಲ್ಲಿಟ್ಟುಕೊಂಡ.

ಎಲ್ಲರೂ ಓಣಿಗೆ ಸುತ್ತಿಹಾಕಿ ಓಡಿದರು. ಅಡುಗೆಮನೆಯ ಕಿಟಕಿ ಅಲ್ಲಿತ್ತು. ಕಬ್ಬಿಣದ ಸರಳುಗಳ ಹಿಂದೆ ಅನಸುಬಾಯಿಯ ಮುಖ ಕಾಣಿಸಿತು. ಜೈಲಿನಲ್ಲಿದ್ದವಳು ಆಕೆ, ಅಪರಾಧಿಯಂತೆ ಕಾಣುತ್ತಿದ್ದವನು ಹೊರಗಿದ್ದ ಅಳಿಯ!

"ಅಳಿಯಾರ, ನಾ ಬಂದದ್ದು ನಿಮಗ ಬ್ಯಾಡಾಗಿದ್ರ ಬಾಯಿಲೇ ಹೇಳಬಹುದಿತ್ತಲ್ರಿ. ಕಲ್ಲು ಯಾಕ ಹಾಕಿದ್ರಿ?"

"ಹಂಗಲ್ರಿ ಅತ್ತಿ, ಇದು ಫ್ಲೋರಿಂಗು…"

"ಯವ್ವಾ, ಅವರ ಕೂಡ ಏನು ಮಾತು?" ಎಂದು ಶಿವಕಾಂತಮ್ಮ ನಡುವೆ ಬಂದಳು. "ಕಾಶಪ್ಪಣ್ಣನ್ನ ಕರಸ್ತೀನಿ ತಡಿ. ಬಾಗಿಲಾ ಬುಡಕ್ಕ ಒಂದೀಟು ಕೊಯ್ದು ಕೊಡ್ತಾನ."

ಕಾಶಪ್ಪ ಅವಳ ಅಣ್ಣ, ತೆಂಗಳಿಯಲ್ಲಿ ಒಕ್ಕಲುತನದ ಜತೆಗೆ ಬಡಿಗತನವನ್ನೂ ಮಾಡುವವನು. ಪುಣ್ಯಕ್ಕೆ ಆಗಲೇ ಡಿಪೋದ ಲಾರಿ ಡ್ರೈವರ್ ಶೌಕತ ಅಲಿ ಕಲ್ಲು ತುಂಬಿಕೊಂಡು ಆ ಕಡೆಗೇ ಹೊರಟಿದ್ದ. ದೇವಿಂದ್ರಪ್ಪ ರಸ್ತೆಗೆ ಓಡಿ ಲಾರಿ ನಿಲ್ಲಿಸಿದ. ಇಂಜಿನ್ನು ಗುಡುಗುತ್ತಿತ್ತು. ಅದರ ಮೇಲೆ ಇವನು ಕೂಗಿದ:

"ತೆಂಗಳಿ ಕಾಶಪ್ಪಗ ಹೇಳು! ಅವ್ವ ಒಳಗ ಹೋಗ್ಯಾಳ! ಕಲ್ಲು ಹಾಕೀವಿ! ಗರಗಸಾ ತಗೊಂಡು ಲಗೂನ ಬಾ ಅಂತ!"

"ಹೇಳ್ತೀನ್ರಿ ಸಾಬ್!" ಎಂದು ಶೌಕತ ಅಲಿ ಯಾಕೋ ಮುಖ ಸಣ್ಣ ಮಾಡಿಕೊಂಡು ಹೊರಟುಹೋದ.

ಇತ್ತ ಅನಸುಬಾಯಿ ಒಳಗೆ ಒಲೆ ಹೊತ್ತಿಸಿ ತನಗೆ ತಾನೇ ರೊಟ್ಟಿ ಬಡಿದುಕೊಂಡು ಊಟ ಮಾಡಿ ಮತ್ತೆ ಅಡ್ಡಾದಳು. ದೇವಿಂದ್ರಪ್ಪ ಮಾತ್ರ ಜಾನಬಿ ತಂದುಕೊಟ್ಟ ಚಹಾ ಕೈಯಲ್ಲೇ ಹಿಡಿದುಕೊಂಡು ಓಣಿಗೂ ರಸ್ತೆಗೂ ಓಡಾಡಿದ.

ಬಿಸಿಲು ಇಳಿಯುವ ಹೊತ್ತಿಗೆ ಊರ ಅಗಸಿಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿತು. ಅದರ ಜತೆಗೆ ಇನ್ನೊಂದು ಸದ್ದು: ಹೆಣ್ಣುಮಕ್ಕಳ ಗೋಳು! ಟ್ರೇಲರ್ ತುಂಬ ತೆಂಗಳಿಯ ಬಂಧುಬಳಗ. ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಗಂಡಸರು ತಲೆಗೆ ಟವಲು ಸುತ್ತಿಕೊಂಡಿದ್ದರು. ಹಿಂದೆ ಹಲಗೆ ಬಾರಿಸುವವರೂ ಕೂತಿದ್ದರು!

ಟ್ರ್ಯಾಕ್ಟರು ನಿಲ್ಲುವ ಮೊದಲೇ ಕಾಶಪ್ಪ ಜಿಗಿದು ದೇವಿಂದ್ರಪ್ಪನ ಅಂಗಿ ಹಿಡಿದ.

"ಮಾವಾ! ಹಡದ ತಾಯಿ ಮಾರಿ ನೋಡಾಕೂ ಬಿಡಲಾರದ ಮಣ್ಣ ಮಾಡಿದೇನು?"

"ಮಣ್ಣಲ್ಲೋ ಕಾಶಪ್ಪ, ಸಿಮೆಂಟು!"

"ಅಯ್ಯಯ್ಯೋ, ಸಿಮೆಂಟಿನಾಗ ಹುಗದಾರಂತ್ರೆವ್ವಾ!" ಎಂದು ಹೆಂಗಸರು ಮೊದಲಿಗಿಂತ ಎರಡು ಪಟ್ಟು ಗಟ್ಟಿಯಾಗಿ ಅತ್ತರು.

ಆಗ ದೇವಿಂದ್ರಪ್ಪನಿಗೆ ಅರ್ಥವಾಯಿತು. 'ಅವ್ವ ಒಳಗ ಹೋಗ್ಯಾಳ' ಎಂಬುದರಲ್ಲಿ 'ಒಳಗ' ಎಂಬುದನ್ನು ಲಾರಿಯ ಇಂಜಿನ್ನು ನುಂಗಿತ್ತು. ಗರಗಸವನ್ನೂ ನುಂಗಿತ್ತು. ಉಳಿದದ್ದು ಮೂರೇ ಮಾತು: ಅವ್ವ ಹೋಗ್ಯಾಳ, ಕಲ್ಲು ಹಾಕೀವಿ, ಲಗೂನ ಬಾ!

"ಅವ್ವ ಜೀವಂತ ಅದಾಳೋ ಮಾರಾಯಾ! ಅಡಗಿ ಮನ್ಯಾಗ ಅದಾಳ!" ಎಂದು ಬಾಯಿ ಬಿಟ್ಟ. ಆದರೆ ಗೋಳಿನಲ್ಲಿ ಅವನ ಮಾತು ಯಾರಿಗೆ ಕೇಳಬೇಕು? ಸಾಕ್ಷಿಗೆಂದು ಕಂಟ್ರಾಕ್ಟರನನ್ನು ಹುಡುಕಿದರೆ, ಕಲ್ಯಾಣಪ್ಪ ಎಲ್ಲಿ? ತಲೆಯ ಮೇಲೆ ಟವಲು ಎಳೆದುಕೊಂಡು ತೆಂಗಳಿಯವರ ನಡುವೆ ಕೂತು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ!

ದೇವಿಂದ್ರಪ್ಪ ಅಂಗಿ ಬಿಡಿಸಿಕೊಂಡು, ಕಾಶಪ್ಪನನ್ನು ಓಣಿಯ ಕಿಟಕಿಗೆ ದರದರ ಎಳೆದೊಯ್ದ. ಬಳಗವೆಲ್ಲ ಹಿಂದೆ ಬಂತು.

"ಅತ್ತೀ! ಒಂದು ಮಾತಾಡ್ರಿ!"

ಒಳಗಿನಿಂದ ಸದ್ದಿಲ್ಲ.

"ಅತ್ತೀ, ನಾನ್ರಿ, ದೇವಿಂದ್ರಪ್ಪ!"

ಸದ್ದಿಲ್ಲ. ಒಳಗೆ ಕತ್ತಲೆ, ಒಲೆಯ ಹೊಗೆ. ಶಿವಕಾಂತಮ್ಮ "ಯವ್ವಾ!" ಎಂದು ಕೂಗಿದಳು. ವಯಸ್ಸಾದ ಜೀವ, ಮೇಲೆ ಇಂಥ ಬಿಸಿಲು, ಸಾಲದ್ದಕ್ಕೆ ಹೊಗೆ. ನಿಜವಾಗಿಯೂ ಏನಾದರೂ ಆಗಿಬಿಟ್ಟಿದ್ದರೆ? ಮಿಂಚುವ ಆ ಪಡಸಾಲೆ ಆಗ ದೇವಿಂದ್ರಪ್ಪನಿಗೆ ನಿಜಕ್ಕೂ ಗೋರಿಯಂತೆ ಕಂಡಿತು. ಸರಳು ಹಿಡಿದು ಒಳಗೆ ಇಣುಕಿದ.

ಅಷ್ಟರಲ್ಲಿ ಕಾಶಪ್ಪನ ಹೆಂಡತಿ ಕಿಟಕಿಗೆ ತಲೆಯಿಟ್ಟು ಹಾಡಿಹಾಡಿ ಅಳತೊಡಗಿದಳು:

"ಅತ್ತೀ, ನನ್ನ ಹಡದವ್ವಗಿಂತ ಹೆಚ್ಚಿದ್ದೆಲ್ಲವ್ವಾ! ನಿನ್ನಂಗ ಹೋಳಿಗಿ ಮಾಡವರು ಸೀಮ್ಯಾಗಿಲ್ಲವ್ವಾ! ನಿನ್ನ ಮುಂದ ಎದುರು ಮಾತಾಡಿದ ನನ್ನ ನಾಲಿಗಿ ಸೇದಿ ಹೋಗಲೆವ್ವಾ…"

ಅಷ್ಟಕ್ಕೆ ಅವಳು ಉಸಿರು ಹತ್ತಿ ನಿಂತಳು.

"ಯಾಕ ನಿಂತಿ?" ಒಳಗಿನಿಂದ ದನಿ ಬಂತು. "ಮುಂದ ಅನ್ನು."

ಅರ್ಧ ಬಳಗ ಹಿಂದಕ್ಕೆ ಹಾರಿತು. ಹಲಗೆಯವನೊಬ್ಬ ಹಲಗೆ ಬಿಟ್ಟು ಓಡಿದ. ಕಿಟಕಿಯಲ್ಲಿ ಅನಸುಬಾಯಿಯ ಮುಖ ಮೂಡಿತು, ನಿದ್ದೆ ತಿಳಿದೆದ್ದ ಪ್ರಸನ್ನ ಮುಖ!

"ಯವ್ವಾ! ಕರದ್ರ ಓ ಅನ್ನಬಾರದೇನು?" ಎಂದು ಶಿವಕಾಂತಮ್ಮ ಅಳುತ್ತ ನಗುತ್ತ ಬೈದಳು.

"ಈಕಿ ಹಾಡಿಗೇ ನನಗ ಎಚ್ಚರಾತು. ಮನಿಗಿ ಸೊಸಿ ಆಗಿ ಬಂದಾಗಿಂದ ಇಂಥಾ ಛಲೋ ಮಾತು ಆಕಿ ಬಾಯಿಂದ ಬಂದಿದ್ದಿಲ್ಲ. ನಡುವ ಬಾಯಿ ಹಾಕಿ ಕೆಡಸಲಿ ಏನು?"

ದೇವಿಂದ್ರಪ್ಪ ಓಣಿಯ ಧೂಳಿನಲ್ಲೇ ಕುಕ್ಕರಿಸಿದ. ಕಣ್ಣಲ್ಲಿ ಬಳಬಳ ನೀರು! ಅತ್ತೆ ಬದುಕಿದ್ದಾಳೆಂದು ಇಷ್ಟು ಸಂತೋಷಪಟ್ಟ ಅಳಿಯ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇದ್ದಿರಲಾರ. ಕಾಶಪ್ಪ ತಾನು ಹಿಡಿದೆಳೆದಾಗ ಕಿತ್ತುಹೋದ ಅಂಗಿಯ ಗುಂಡಿಯನ್ನು ತಾನೇ ಹುಡುಕಿ ತಂದು ಅವನ ಕೈಗಿಟ್ಟು, "ತಪ್ಪು ತಿಳಕೋಬ್ಯಾಡ ಮಾವಾ," ಅಂದ.

"ಅದೆಲ್ಲಾ ಇರಲಿ, ಗರಗಸಾ ತಂದಿ?"

"ಗರಗಸಾ ಯಾಕ ತರಲಿ? ವಿಭೂತಿ ತಂದೀನಿ, ಕಾಯಿ-ಕರ್ಪೂರ ತಂದೀನಿ."

ಆದರೂ ಬಡಿಗ ಬಡಿಗನೇ. ಹೊರಗೆ ತೆರೆಯುವ ಬಾಗಿಲಾದ್ದರಿಂದ ಅದರ ಬಿಜಾಗ್ರಿ ಕೀಲುಗಳು ಪಡಸಾಲೆಯ ಕಡೆಗೇ ಇದ್ದವು. ಅವುಗಳ ಸ್ಕ್ರೂ ತೆಗೆದರೆ ಬಾಗಿಲು ಇಡಿಯಾಗಿ ಬಿಚ್ಚಿ ಬರುತ್ತಿತ್ತು. ಬೆಕ್ಕನ್ನೂ ಬಿಡದ ಹಸಿ ನೆಲದ ಮೇಲೆ ಯಾರೂ ಅಷ್ಟು ದೂರ ಹೋಗಿ ನೋಡಿರಲಿಲ್ಲ, ಅಷ್ಟೇ. ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಸ್ಕ್ರೂ ಡ್ರೈವರ್ ಬಂತು. ಕಾಶಪ್ಪ ಪರ್ಸಿಯ ಮೇಲೆ ಸೀದಾ ನಡೆದ. ಅವನ ಹಿಂದೆ ಶಿವಕಾಂತಮ್ಮ, ಅವಳ ಹಿಂದೆ ಬಳಗ. ಕಲ್ಯಾಣಪ್ಪ "ಒಂದು ವಾರ…" ಎಂದು ಟವಲಿನೊಳಗಿಂದ ಬಾಯಿ ತೆರೆದ. ಅಲ್ಲಿಯವರೆಗೂ ಅವನನ್ನು ತಮ್ಮ ಕಡೆಯ ಯಾರೋ ದುಃಖಿತ ನೆಂಟನೆಂದು ತಿಳಿದಿದ್ದ ತೆಂಗಳಿಯವರು ಈಗ ಸರಿಯಾಗಿ ನೋಡಿದರು. ಫಟಫಟಿ ಹೊರಟ ಸದ್ದು ಕೇಳಿತು.

ಬಾಗಿಲು ಬಿಚ್ಚಿತು. ಅನಸುಬಾಯಿ ಕಾಲೆತ್ತಿ ಹೊಸ ನೆಲವನ್ನು ಹತ್ತಿ, ಸುತ್ತ ನೋಡಿ, "ಇಷ್ಟು ಮಂದಿ ಉಪವಾಸ ಬಂದೀರೇನ್ರೆಪಾ?" ಅಂದಳು. ಅಳಲು ಬಂದವರಿಗೆಲ್ಲ ಆಕೆಯೇ ರೊಟ್ಟಿ ಬಡಿದಳು, ಜಾನಬಿ ಗುಂಡಿಗಿ ತುಂಬ ಬ್ಯಾಳಿ ಮಾಡಿ ತಂದಳು. ಹಸಿ ಪರ್ಸಿಯ ಮೇಲೇ ಪಂಕ್ತಿ ಕೂತಿತು. ಕೂತವರು ಆ ಕಡೆ ವಾಲಿದರೆ ಕಲ್ಲೂ ಆ ಕಡೆ ವಾಲುತ್ತಿತ್ತು. ದೇವಿಂದ್ರಪ್ಪ ಅದನ್ನು ನೋಡಿಯೂ ನಗುನಗುತ್ತ ಬಡಿಸಿದ.

ಊಟವಾದ ಮೇಲೆ ಕಾಶಪ್ಪ, "ಯವ್ವಾ, ನಡಿ ಮನಿಗಿ," ಅಂದ. ಅನಸುಬಾಯಿ ಗಂಟು ಕಟ್ಟಿದಳು. ದೇವಿಂದ್ರಪ್ಪ ಗಂಟನ್ನು ತಾನೇ ಹೊತ್ತು ಟ್ರೇಲರಿನಲ್ಲಿಟ್ಟು, ಅಂದಿನ ಮೊಟ್ಟಮೊದಲ ನೆಮ್ಮದಿಯ ಉಸಿರುಬಿಟ್ಟ.

"ನೋಡ್ರಿ," ಎಂದು ಮನೆಯಿಂದ ಶಿವಕಾಂತಮ್ಮ ಕರೆದಳು. "ತಲಬಾಗಿಲಾ ಹಾಕಾಕ ಬರವಲ್ದು."

ತಲಬಾಗಿಲು ಒಳಕ್ಕೆ ತೆರೆಯುವಂಥದು. ಬೆಳಿಗ್ಗೆ ಅದನ್ನು ಪೂರಾ ತೆರೆದಿಟ್ಟುಕೊಂಡೇ ಕಲ್ಯಾಣಪ್ಪನ ಆಳುಗಳು ಅದರ ಎರಡೂ ಕದಗಳಿಗೆ ಆನಿಸಿ ಕಲ್ಲು ಕೂಡಿಸಿದ್ದರು! ಮನೆಯಲ್ಲಿ ಒಂದು ಬಾಗಿಲು ತೆರೆಯದೆ ಹೋಗಿತ್ತು, ಇನ್ನೊಂದು ಮುಚ್ಚುತ್ತಿರಲಿಲ್ಲ! ಕಾಶಪ್ಪ ಬಗ್ಗಿ ನೋಡಿ ತಲೆ ಅಲ್ಲಾಡಿಸಿದ.

"ಇವೆರಡೂ ಕದಾ ಇಳಿಸಿ ಕೊಯ್ಯಬೇಕು ಮಾವಾ, ಮ್ಯಾಲ ಹೊಸಾ ಚೌಕಟ್ಟು. ಒಂದಿನದ ಕೆಲಸಲ್ಲ. ಬಿತ್ತಿಗಿ ಮುಗಿಸಿ ಬರ್ತೀನಿ."

ಅನಸುಬಾಯಿ ಟ್ರೇಲರಿನಿಂದ ಗಂಟನ್ನು ಇಳಿಸಿಕೊಂಡಳು.

"ಬಾಗಿಲಾ ಮುಚ್ಚಲಾರದ ಮನ್ಯಾಗ ಮಗಳಿನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಬಿತ್ತಿಗಿ ಮುಗಿಯೂತನಕ ಈ ಮನಿಗಿ ನಾನೇ ಬಾಗಿಲಾ!"

ಅಂದವಳೇ ಹೊಸ್ತಿಲಿಗೆ ಅಡ್ಡಲಾಗಿ ಕೌದಿ ಹಾಸಿ, ಪಕ್ಕದಲ್ಲೊಂದು ಬಡಿಗೆ ಇಟ್ಟುಕೊಂಡು, ಪರ್ಸಿಯ ಮೇಲೆ ಕೈಯಾಡಿಸಿ ನೋಡಿದಳು. "ಭಾಳ ತಂಪ ಅದ ಬಿಡ್ರಿ ಅಳಿಯಾರ!"

ಮರುದಿನ ಬೆಳಿಗ್ಗೆ ದೇವಿಂದ್ರಪ್ಪ ಡಿಪೋಕ್ಕೆ ಹೋಗಲು ಚಪ್ಪಲಿ ಮೆಟ್ಟಿದ.

"ಎಲ್ಲಿಗಿ ಹೊಂಟ್ರಿ?" ಹೊಸ್ತಿಲಿನಿಂದ ಪ್ರಶ್ನೆ ಬಂತು.

"ಕಾಟಾಕ್ರಿ ಅತ್ತಿ."

"ಯಾವಾಗ ಬರ್ತೀರಿ?"

"ಸಂಜೀಕ್ರಿ."

"ದಾರ್ಯಾಗ ಎಲ್ಲೂ ನಿಂದ್ರಬ್ಯಾಡ್ರಿ. ಹೋಗ್ರಿ."

ದೇವಿಂದ್ರಪ್ಪ ಕಾಲೆತ್ತಿ ಕೌದಿಯನ್ನು ದಾಟಿದ. ಒಳಗಿನಿಂದ ಶಿವಕಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ಅಂದಳು:

"ಹಳೇ ಬಾಗಿಲಾ ಮಾತರೆ ಆಡ್ತಿದ್ದಿಲ್ಲ ನೋಡ್ರಿ!"