ಅಕ್ಕನ ಪೆಟ್ಟಿಗೆಯಲ್ಲಿ ನಾನೆಲ್ಲಿ?

ಅಕ್ಕ ಅಂಗಡಿಗೆ ಬಂದ ಕೊನೆಯ ದಿನವೂ ನಾವು ಜಗಳವಾಡಿದೆವು. ಅದೇನೂ ವಿಶೇಷವಲ್ಲ. ಬೈಲಹೊಂಗಲದ ತಹಶೀಲ್ದಾರ ಕಚೇರಿಯ ಎದುರಿನ ನಮ್ಮ ಟೈಪಿಂಗ್ ಅಂಗಡಿಯಲ್ಲಿ ಚಹಾಕ್ಕೆ ಮುಂಚೆ ಒಂದು, ಚಹಾ ಆದ ಮೇಲೆ ಒಂದು ಜಗಳ ನಡೆಯದಿದ್ದರೆ ಗಿರಾಕಿಗಳೇ, "ಯಾಕ್ರಿ, ಇಬ್ಬರಿಗೂ ಆರಾಮಿಲ್ಲೇನು?" ಎಂದು ಕೇಳುತ್ತಿದ್ದರು. ಜಗಳದ ವಿಷಯವೂ ಹಳೆಯದೇ: ಕಡತಗಳಿಗೆ ಹೆಸರಿಡುವುದು.

ಅಂಗಡಿಯಲ್ಲಿ ಮೂರು ಕಂಪ್ಯೂಟರು. ಕಿಟಕಿಯ ಬಳಿಯದು ಅಕ್ಕನದು, ಗೋಡೆಯ ಕಡೆಯದು ನನ್ನದು, ಬಾಗಿಲ ಬಳಿಯದು ಝೆರಾಕ್ಸ್ ಯಂತ್ರದ ಜೊತೆಗಾರ. ಮೊದಲು ಮೂರರಲ್ಲೂ ಬೇರೆ ಬೇರೆ ಕಡತಗಳಿದ್ದವು. ಒಂದರಲ್ಲಿ ಗಟ್ಟಿಮುಟ್ಟಾಗಿದ್ದ ಮುದುಕ ಇನ್ನೊಂದರಲ್ಲಿ ತೀರಿಕೊಂಡು, ಅವನ ಹೊಲ ಮಕ್ಕಳ ಹೆಸರಿಗೆ ಹೋಗಿರುತ್ತಿತ್ತು. ಇದರಿಂದ ಸುಸ್ತಾಗಿ ಒಂದು ಕರಿಯ ಪೆಟ್ಟಿಗೆ ತಂದೆವು. ಮೂರೂ ಕಂಪ್ಯೂಟರಿನಿಂದ ಅದಕ್ಕೆ ವಾಯರು, ಕಡತಗಳೆಲ್ಲ ಅದರೊಳಗೆ, ಯಾರು ಎಲ್ಲಿ ಕೂತು ತೆರೆದರೂ ಅದೇ ಕಡತ. "ಒಲಿ ಒಂದ, ಪಂಕ್ತಿ ಮೂರು," ಎಂದು ಅಕ್ಕ ಬಂದವರಿಗೆಲ್ಲ ವಿವರಿಸುತ್ತಿದ್ದಳು. ದೇವರ ಫೋಟೋದ ಪಕ್ಕದ ಹಲಗೆಯ ಮೇಲೆ ಅದನ್ನಿಟ್ಟು ಆಯುಧಪೂಜೆಗೆ ವಿಭೂತಿ ಬಳಿದಳು. ಗಾಳಿಯಾಡಲು ಬಿಟ್ಟ ತೂತುಗಳನ್ನೂ ಬಿಡಲಿಲ್ಲ. ಅಂದಿನಿಂದ ಆ ಪೆಟ್ಟಿಗೆ ನೆಗಡಿಯಾದವರಂತೆ ಗೊರಗೊರ ಎನ್ನುತ್ತದೆ.

ಪೆಟ್ಟಿಗೆ ಒಂದಾಯಿತು, ನಮ್ಮ ತಲೆಗಳು ಒಂದಾಗಲಿಲ್ಲ. ಅಕ್ಕ ಹಿಂದೆ ಸವದತ್ತಿಯಲ್ಲೂ ರಾಮದುರ್ಗದಲ್ಲೂ ಟೈಪಿಂಗ್ ಮಾಡಿದವಳು. ಅಲ್ಲಿನ ಮಂದಿ ಬಸ್ಸು ಹತ್ತಿ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ವ್ಯವಸ್ಥೆಯ ಮನುಷ್ಯ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ತಾಲೂಕಿಗೊಂದರಂತೆ ನಾಲ್ಕು ಫೋಲ್ಡರ್ ಮಾಡಿದೆ. ಸವದತ್ತಿ ಕಡೆಯ ಮನೋಳಿಯಲ್ಲಿ ಹೊಲ, ಕಿತ್ತೂರಿನಲ್ಲಿ ಮನೆ, ಮಗಳನ್ನು ರಾಮದುರ್ಗ ಕಡೆಯ ಕಟಕೋಳಕ್ಕೆ ಕೊಟ್ಟವನೊಬ್ಬ ಬಂದಾಗ ಅವನನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮೂರರಲ್ಲೂ ಹಾಕಿದೆ. ಅಕ್ಕ ನೋಡಿ, "ಮಂದಿ ತಾಲೂಕಿನಾಗ ಇರೂದಿಲ್ಲೋ ಈರ್ಯಾ, ಅವರವರ ಗುಣದಾಗ ಇರ್ತಾರ," ಎಂದಳು.

ಅವಳ ಪದ್ಧತಿಯೇ ಅದು. ಒಬ್ಬರ ಕಡತದ ಹೆಸರು 'ಚಹಾ ಒಲ್ಲೆ ಅಂದು ಎರಡು ಕಪ್ ಕುಡಿಯೋ ಕಾಕಾ'. ಇನ್ನೊಬ್ಬರದು 'ಸಹಿ ಮಾಡೋಮುಂದ ನಾಲಿಗಿ ಹೊರಗ ಹಾಕೋರು'. 'ಸೊಸಿ ಸುದ್ದಿ ತಗೀಬಾರದು' ಎಂಬುದೂ ಒಂದು ಕಡತವೇ.

ಆ ದಿನ ಅವಳು ಅಂಗಡಿಯ ಬಾಡಿಗೆ ಕರಾರನ್ನು ಹೊಸದಾಗಿ ಬರೆಯುತ್ತಿದ್ದಳು.

"ಮಾಲಕರ ಕಡತಕ್ಕರೆ ಅವರ ಹೆಸರು ಇಡವಾ," ಎಂದೆ.

"ಆ ಹೆಸರಿನವರು ಈ ಊರಾಗ ಓಣಿಗೊಬ್ಬರು ಅದಾರ."

"ನೀ ಇಲ್ಲದಾಗ ನಾ ಹೆಂಗ ಹುಡುಕಲಿ?"

"ಬಂದವರನ್ನ ಒಂದೀಟು ಕಣ್ಣು ತೆರೆದು ನೋಡು. ಸಿಗತೈತಿ."

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ಸಿನ ಬ್ಯಾಟರಿ ಎಂದೋ ಪ್ರಾಣ ಬಿಟ್ಟಿತ್ತು. ಅಕ್ಕ ಕಪ್ಪಾದ ಪರದೆಗೊಮ್ಮೆ ಬೈದು, "ಉಳಿದದ್ದು ನಾಳೆ," ಎಂದು ಚೀಲ ತೆಗೆದುಕೊಂಡು ಮನೆಗೆ ಹೋದಳು. ಮರುದಿನ ಬೆಳಗಿನ ಜಾವ, ನಿದ್ದೆಯಲ್ಲೇ, ಅವಳ ಎದೆಬಡಿತ ನಿಂತಿತ್ತು.

ಕಾರ್ಯಗಳೆಲ್ಲ ಮುಗಿದು ಅಂಗಡಿಯ ಬಾಗಿಲು ತೆರೆದಾಗ ದುಃಖಪಡಲು ನನಗೆ ಪುರುಸೊತ್ತು ಸಿಗಲಿಲ್ಲ. ಗಿರಾಕಿಗಳು ಬಂದು ತಮ್ಮ ಕಾಗದ ಕೇಳುತ್ತಿದ್ದರು. ಅವರ ಹೆಸರು, ಊರು, ಸರ್ವೆ ನಂಬರು ಯಾವುದೂ ಕೆಲಸಕ್ಕೆ ಬರುತ್ತಿರಲಿಲ್ಲ. ಸವದತ್ತಿಯಿಂದ ಬಂದ ಹೆಣ್ಣುಮಗಳೊಬ್ಬಳನ್ನು, "ಅವ್ವಾ, ನಮ್ಮಕ್ಕನ ಮುಂದ ನೀವು ಯಾವಾಗರೆ ಅತ್ತಿದ್ರೇನು? ಇಲ್ಲಾ ಯಾರಿಗರೆ ಬೈದಿದ್ರೇನು?" ಎಂದು ಕೇಳಿಬಿಟ್ಟೆ. "ಕಾಗದ ಕೊಡೂದಿದ್ರ ಕೊಡು. ನನ್ನ ಸಂಸಾರ ಕೇಳಾವ ನೀ ಯಾವನು?" ಎಂದಳು. ಅವಳ ಕಡತ 'ಬೈದು ಆಮೇಲೆ ಬಾಳೆಹಣ್ಣು ಕೊಡೋರು' ಎಂಬ ಹೆಸರಿನಲ್ಲಿ ಸಿಕ್ಕಿತು. ಬಾಳೆಹಣ್ಣು ಮಾತ್ರ ನನಗೆ ಕೊಡಲಿಲ್ಲ.

ಆಮೇಲೆ ಬಂದವರು ದಸ್ತಗೀರ ಚಾಚಾ, ಕಟ್ಟಡದ ಮಾಲಕರು. ಕೆಳಗೆ ಅವರದು ಎತ್ತಿನ ಹಗ್ಗ, ಗೆಜ್ಜೆಗಳ ಅಂಗಡಿ.

"ತಮ್ಮಾ, ಕರಾರ ಅಕ್ಕಾರ ಹೆಸರಲೆ ಇತ್ತು. ಈ ಖೋಲಿ ಮೊಬೈಲ್ ಅಂಗಡಿಯವಗ ಕೊಡೂನು ಅಂತ ನಮ್ಮ ಹುಡುಗರು ಗಂಟುಬಿದ್ದಾರ. ಇವತ್ತ ನಿನ್ನ ಹೆಸರಿಗೆ ಬರದು ಕೊಡು, ಅವರ ಬಾಯಿ ನಾ ಮುಚ್ಚಸ್ತೇನಿ. ಆದರ ಹಿಂದಿನ ಮಾತ ಇರಬೇಕು. ನನ್ನ ಕಡೆ ಇದ್ದ ಪ್ರತಿ ಇಲಿ ತಿಂದಾವ."

ಕರಾರು ಪೆಟ್ಟಿಗೆಯಲ್ಲಿತ್ತು. ಯಾವ ಹೆಸರಿನಲ್ಲಿ ಎಂಬುದಷ್ಟೇ ಪ್ರಶ್ನೆ. ಅಕ್ಕನ ಪದ್ಧತಿಯನ್ನು ವಿವರಿಸಿದೆ. ಚಾಚಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಕೂತರು. ಎದುರಿಗೇ ಕೂತವರ ದುರ್ಗುಣ ಟೈಪ್ ಮಾಡುವುದು ಸುಲಭವಲ್ಲ. 'ಬಾಡಿಗಿ' ಎಂದು ಹೊಡೆದೆ, ಸಿಗಲಿಲ್ಲ. ಅವರೇ ಸಹಾಯಕ್ಕೆ ಬಂದರು.

"ಸಿಟ್ಟು ಅಂತ ಹಾಕಿ ನೋಡು."

ಸಿಟ್ಟಿನವರು ಸಾಲುಸಾಲಾಗಿ ಬಂದರು. ಚಾಚಾ ಅದರಲ್ಲಿರಲಿಲ್ಲ.

"ನಮ್ಮ ಮನಿಯಾಕಿ ನನಗ ಭಾಳ ಮಾತು ಅಂತಾಳ. ಅದನ್ನ ಹಾಕು."

ಇಲ್ಲ.

"ಕಂಜೂಸ್?" ಎಂದರು ಮೆತ್ತಗೆ. "ಹಾಕಪಾ, ನಾಚಬ್ಯಾಡ."

ಪೆಟ್ಟಿಗೆ ಗೊರಗೊರ ಎಂದು ಹುಡುಕಿ, ಇಲ್ಲ ಎಂದಿತು. ಚಾಚಾರ ಮುಖ ಅರಳಿತು. ನಾನು ಸೋತು ಬಾಗಿಲ ಕಡೆ ನೋಡಿದೆ. ಹೊಸ್ತಿಲಾಚೆ ಅವರ ಚಪ್ಪಲಿಗಳು ಜೋಡಿಸಿಟ್ಟಂತಿದ್ದವು. ಇಡೀ ಕಟ್ಟಡ ಅವರದು. ಗಿರಾಕಿಗಳೆಲ್ಲ ಕೆಸರು ಮೆತ್ತಿದ ಬೂಟಿನಲ್ಲೇ ಒಳಗೆ ಬರುತ್ತಾರೆ. 'ಚಪ್ಪಲ್' ಎಂದು ಹೊಡೆದೆ. 'ಸ್ವಂತ ಜಾಗಾದಾಗೂ ಚಪ್ಪಲ್ ಹೊರಗ ಬಿಡೋ ಮಾಲಕರು' ಎಂದು ಬಂತು. ಓದಿ ಹೇಳಿದೆ.

ಚಾಚಾ ತಿರುಗಿ ತಮ್ಮ ಚಪ್ಪಲಿಗಳ ಕಡೆ ನೋಡಿದರು. "ಜಾಗಾ ನಂದ ಖರೆ," ಎಂದರು ಆಮೇಲೆ. "ಆದ್ರ ಆಕಿ ದುಡಿಯೂ ಜಾಗಾ ಅಲ್ಲೇನೋ."

ತೆರೆಯಲು ಒತ್ತಿದೆ. ಪರದೆಯ ಮೇಲೆ ಒಂದು ಚೌಕ ಬಂತು: ಈ ಕಡತವನ್ನು ಸುವರ್ಣಾ ಬಳಸುತ್ತಿದ್ದಾರೆ.

ಸುವರ್ಣಾ ಅಂದರೆ ಅಕ್ಕ. ಒಂದು ಕಡತ ಒಬ್ಬರ ಕೈಯಲ್ಲಿದ್ದಾಗ ಇನ್ನೊಬ್ಬರು ಅದನ್ನು ತಿದ್ದದಂತೆ ಪೆಟ್ಟಿಗೆ ಹೀಗೆ ಬೀಗ ಹಾಕಿಕೊಳ್ಳುತ್ತದೆ. ಅವಳು ಮುಚ್ಚುವ ಮೊದಲೇ ಕರೆಂಟ್ ಹೋಗಿದ್ದರಿಂದ ಬೀಗ ಹಾಗೆಯೇ ಉಳಿದಿತ್ತು. ಚಾಚಾರಿಗೆ ಇದನ್ನು ಹೇಳಿದೆ.

"ಅಂದ್ರ ಅಕ್ಕಾರು ಇನ್ನೂ ಕುರ್ಚಿ ಬಿಟ್ಟು ಎದ್ದಿಲ್ಲ ಅನ್ನು," ಎಂದರು.

ಬೀಗ ತೆಗೆಯುವುದು ಕಷ್ಟದ್ದಲ್ಲ. ಕಡತದ ಪಕ್ಕದಲ್ಲಿ ಅಡಗಿ ಕೂತ ಒಂದು ಸಣ್ಣ ಕಡತವನ್ನು ಅಳಿಸಿದರೆ ಸಾಕು. ಬೇರೆ ಅಂಗಡಿಯವರಿಗೆ ಎಷ್ಟೋ ಸಲ ನಾನೇ ಹೇಳಿಕೊಟ್ಟಿದ್ದೇನೆ. ಕೈ ಮೌಸಿನ ಮೇಲಿಟ್ಟು ಕೂತೆ. ಕೂತೇ ಇದ್ದೆ. ಚಾಚಾ, "ಬ್ಯಾರೆ ಹಾದಿ ಇಲ್ಲೇನು?" ಎಂದರು. ಇತ್ತು: ಬೀಗ ಮುಟ್ಟದೆ ಕಡತದ ಇನ್ನೊಂದು ಪ್ರತಿ ತೆರೆಯಬಹುದಿತ್ತು. ತೆರೆದೆ. ಬಾಡಿಗೆ, ಠೇವಣಿಯ ಹಿಂದಿನ ಮಾತುಗಳೆಲ್ಲ ಅದರಲ್ಲಿದ್ದವು; 'ಬಾಡಿಗೆದಾರರು ಸದರಿ ಜಾಗವನ್ನು' ಎಂಬಲ್ಲಿಗೆ ಅಕ್ಕನ ಬರಹ ನಿಂತಿತ್ತು. ಮುಂದಿನದನ್ನು ನಾನು ಬರೆದೆ. ಅವಳ ಹೆಸರಿದ್ದಲ್ಲಿ ನನ್ನ ಹೆಸರು ಹಾಕಿದೆ. ಚಾಚಾ ಸಹಿ ಮಾಡಿದರು. ಅಂಗಡಿ ಉಳಿಯಿತು.

ಈಗ ಪೆಟ್ಟಿಗೆಯಲ್ಲಿ ಒಂದೇ ಕರಾರಿನ ಎರಡು ಕಡತಗಳಿವೆ. ಇಂಥ ಅವ್ಯವಸ್ಥೆಯ ವಿರುದ್ಧವೇ ನಾನು ಅಷ್ಟು ವರ್ಷ ಜಗಳವಾಡಿದ್ದು.

ಹೋಗುವಾಗ ಚಾಚಾ, "ಕರಾರಕ್ಕ ನಿನ್ನ ಆಧಾರ ಕಾರ್ಡಿನ ಪ್ರತಿ ಹಚ್ಚಿ ಕಳಸು," ಎಂದರು. ನನ್ನ ಕಾಗದಗಳೂ ಆ ಪೆಟ್ಟಿಗೆಯಲ್ಲೇ ಇವೆ. ಬೇಕೆಂದಾಗ ಅಕ್ಕ ತಲೆಯೆತ್ತದೆ ಪ್ರಿಂಟ್ ತೆಗೆದು ಕೊಡುತ್ತಿದ್ದಳು. 'ಈರಣ್ಣ' ಎಂದು ಹುಡುಕಿದೆ. ಯಾರ್‍ಯಾರೋ ಈರಣ್ಣರು ಬಂದರು. 'ತಮ್ಮ' ಎಂದರೆ ತೊರಗಲ್ಲಿನ ಅಣ್ಣತಮ್ಮಂದಿರ ಗೋಡೆ ಜಗಳ ಬಂತು. 'ಸೋಮಾರಿ'ಯಲ್ಲಿ ನಾನಿಲ್ಲದ್ದು ಕಂಡು ಸಮಾಧಾನವಾಯಿತು. 'ಮೊಂಡ' ಎಂಬಲ್ಲಿಯೂ ಇರಲಿಲ್ಲ. ಅದನ್ನು ಎರಡು ಸಲ ಹುಡುಕಿದೆ. ಕೊನೆಗೆ ಕಿಸೆಯಿಂದ ಕಾರ್ಡು ತೆಗೆದು ಹೊಸದಾಗಿ ಝೆರಾಕ್ಸ್ ಮಾಡಿ ಕಳಿಸಿದೆ. ಕೆಲಸ ಮುಗಿಯಿತು.

ಆದರೂ ಗಿರಾಕಿಗಳಿಲ್ಲದಾಗ ಅಕ್ಕನ ಕುರ್ಚಿಯಲ್ಲಿ ಕೂತು ನನ್ನ ಒಂದೊಂದೇ ಗುಣವನ್ನು ಹೊಡೆದು ನೋಡುತ್ತೇನೆ. ಕೆಟ್ಟವು ಮುಗಿಯಲು ಬಹಳ ದಿನ ಹಿಡಿಯಿತು. ಒಳ್ಳೆಯವನ್ನೂ ಹಾಕಿ ನೋಡಿದೆ. ಅವು ಬೇಗ ಮುಗಿದವು. ಅಕ್ಕ ನನಗೆ ಇಟ್ಟ ಹೆಸರು ಇನ್ನೂ ಸಿಕ್ಕಿಲ್ಲ.