ಏಟು ಹಗುರಾಯ್ತಾ, ಅಣ್ಣಾ?

ಮನೆಯ ಮುಂಗೋಣೆಯಲ್ಲೇ ಇದ್ದ ಹಾಸಿಗೆಯಂಗಡಿಯ ಗೋಡೆಯ ಆ ಮೊಳೆ ಬಹಳ ದಿನಗಳಿಂದ ಅಲ್ಲಾಡುತ್ತಿತ್ತು. ಕಣ್ಣಿಗೆ ಬಿದ್ದಾಗಲೆಲ್ಲ ಅಂಗಡಿಯ ಯಜಮಾನರು ‘ನಾಳೆ ಗಟ್ಟಿಮಾಡಿದರಾಯಿತು’ ಅಂದುಕೊಳ್ಳುತ್ತಿದ್ದರು. ಸುತ್ತಿಗೆ ಅಲ್ಲೇ ಕೆಳಗಿತ್ತು. ಬಾರದೆ ಉಳಿದದ್ದು ಆ ನಾಳೆ ಮಾತ್ರ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮೊಳೆ ಬೇಸತ್ತು ತಾನಾಗಿಯೇ ಕಿತ್ತುಬಂತು. ಅದಕ್ಕೆ ತೂಗುಹಾಕಿದ್ದ ಅವರ ಯುದ್ಧದ ಕೋಟು ಹೊಲಿಗೆ ಯಂತ್ರದ ಪಕ್ಕದಲ್ಲಿ, ರಿಪೇರಿಗೆ ಬಂದಿದ್ದ ಬಟ್ಟೆಗಳ ರಾಶಿಯ ಮೇಲೆ ಬಿತ್ತು.

ಯುದ್ಧದ ಕೋಟು ಎಂದರೆ ಗಾಬರಿಯಾಗಬೇಕಿಲ್ಲ. ಊರಾಚೆ ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಬಯಲಿನಲ್ಲಿ ಪ್ರತಿ ಭಾನುವಾರ ಒಂದಿಷ್ಟು ಜನ ಸೇರುತ್ತಾರೆ. ವಾರವೆಲ್ಲ ಕಾಗದ ಹಂಚುವವರು, ಬಸ್ಸು ಓಡಿಸುವವರು, ಹಲ್ಲು ಕೀಳುವವರು. ಭಾನುವಾರ ಮಾತ್ರ ನೂರಾರು ವರ್ಷ ಹಿಂದಿನ ಸೈನಿಕರು. ತಲೆಗೆ ಕಬ್ಬಿಣದ ಶಿರಸ್ತ್ರಾಣ. ಎಡಗೈಗೆ ಪ್ಲೈವುಡ್ಡಿನ ಗುರಾಣಿ, ಅದರ ಅಂಚಿಗೆ ತೋಟಕ್ಕೆ ನೀರು ಬಿಡುವ ಪೈಪನ್ನು ಸೀಳಿ ಕಟ್ಟಿದ್ದು. ಬಲಗೈಗೆ ದಪ್ಪ ಬೆತ್ತಕ್ಕೆ ಟೇಪು ಸುತ್ತಿದ ಕತ್ತಿ. ಮೈಗೆ ಹತ್ತಿ ತುಂಬಿದ ಕೋಟು. ಕೋಟುಗಳನ್ನೆಲ್ಲ ಹೊಲಿದುಕೊಟ್ಟವರು ನಮ್ಮ ಹಾಸಿಗೆಯವರೇ, ಅದೂ ಹಾಸಿಗೆಗೆ ತರಿಸಿದ ಪಟ್ಟೆಪಟ್ಟೆ ಬಟ್ಟೆಯಲ್ಲೇ. ಬಳಗ ಕದನಕ್ಕೆ ಹೊರಟರೆ ಮಂಚ ಬಿಟ್ಟೆದ್ದ ಹಾಸಿಗೆಗಳ ಮೆರವಣಿಗೆಯಂತೆ ಕಾಣುತ್ತಿತ್ತು.

ಈ ಆಟದಲ್ಲಿ ತೀರ್ಪು ಹೇಳುವವರು ಯಾರೂ ಇಲ್ಲ. ಭೂಗೋಳದ ಮೇಷ್ಟ್ರಮ್ಮ ಕೈಯಲ್ಲೊಂದು ಕೋಲು ಹಿಡಿದು ಯಾರ ಕೈಕಾಲೂ ಮುರಿಯದಂತೆ ನೋಡಿಕೊಳ್ಳುತ್ತಾರೆ, ಅಷ್ಟೇ. ಏಟು ಬಿತ್ತೋ ಇಲ್ಲವೋ ಎಂಬುದನ್ನು ಏಟು ತಿಂದವನೇ ಹೇಳಬೇಕು. ಸುಮ್ಮನೆ ಸವರಿಹೋದರೆ ಲೆಕ್ಕಕ್ಕಿಲ್ಲ. ತೂಕವಾಗಿ ಬಿದ್ದರೆ ‘ತಾಗಿತು’ ಎಂದು ಮಂಡಿಯೂರಿ ಸೋಲೊಪ್ಪಿಕೊಳ್ಳಬೇಕು. ಆ ಒಂದು ಮಾತಿನ ಮೇಲೆ ಇಡೀ ಬಯಲು ನಿಂತಿತ್ತು. ಇನ್ನೊಬ್ಬರನ್ನು ‘ಸುಳ್ಳು ಹೇಳಿದೆ’ ಅನ್ನುವುದು ಮಹಾ ಅಪಚಾರ. ಅನುಮಾನ ತಡೆಯಲಾರದಷ್ಟಾದರೆ ಮೆತ್ತಗೆ ಕೇಳಬಹುದು: “ಏಟು ಹಗುರಾಯ್ತಾ, ಅಣ್ಣಾ?” ಅದಕ್ಕಿಂತ ದೊಡ್ಡ ಬೈಗುಳ ಆ ಬಯಲಿನಲ್ಲಿರಲಿಲ್ಲ.

ಹಾಸಿಗೆಯವರನ್ನು ಮಾತ್ರ ಯಾರೂ ಎಂದೂ ಹಾಗೆ ಕೇಳಿರಲಿಲ್ಲ. ಅವರು ಮೊದಲ ಏಟಿಗೇ ಕಣ್ಣುಮುಚ್ಚಿ “ತಾಗಿತು” ಅನ್ನುವವರು. ಅದಕ್ಕೇ ಬಳಗದಲ್ಲಿ ಅವರ ಹೆಸರು ತಾಗಿತಣ್ಣ. ಚಿಕ್ಕಂದಿನಲ್ಲಿ ಅವರ ತಂದೆ ಹಳೆಯ ಯುದ್ಧದ ಪದ್ಯಗಳನ್ನು ಹಾಡಿ ಹೇಳುತ್ತಿದ್ದರು. ಹೊಡೆದವನಿಗೆ ಪದ್ಯದ ಮೇಲೆ ಪದ್ಯ. ಬಿದ್ದವನಿಗೆ ಅರ್ಧ ಸಾಲು. ಮೂಲೆಯಲ್ಲಿ ಕೂತು ಕೇಳುತ್ತಿದ್ದ ಹುಡುಗನಿಗೆ ಆ ಅರ್ಧ ಸಾಲಿನವನ ಮೇಲೇ ಮನಸ್ಸು. ದೊಡ್ಡವರಾದ ಮೇಲೂ ಅವರು ಆ ಅರ್ಧ ಸಾಲಿಗೇ ಹೋಗಿ ಸೇರಿಕೊಂಡಿದ್ದರು.

ಆದರೆ ಬಿದ್ದವನಿಗೂ ಒಂದು ಬಟ್ಟಲಿತ್ತು. ವರ್ಷಕ್ಕೊಮ್ಮೆ, ದೊಡ್ಡ ಪಂದ್ಯದ ಸಂಜೆ, ಎಲ್ಲರೂ ತಮ್ಮ ಶಿರಸ್ತ್ರಾಣಗಳನ್ನು ಸಾಲಾಗಿ ಇಡುತ್ತಾರೆ. ಅವತ್ತು ಯಾರು ನಿಯತ್ತಿನಿಂದ ಆಡಿದರು ಅನ್ನಿಸುತ್ತದೋ ಅವರ ಶಿರಸ್ತ್ರಾಣದ ಮುಂದೆ ಒಬ್ಬೊಬ್ಬರೂ ಒಂದೊಂದು ಬೆಣಚುಕಲ್ಲು ಇಡಬೇಕು. ಕಲ್ಲು ಹೆಚ್ಚು ಬಂದವರಿಗೆ ಹಿತ್ತಾಳೆ ಬಟ್ಟಲು. ಈ ವರ್ಷ ಅದು ತಾಗಿತಣ್ಣನದೇ ಎಂದು ಎಲ್ಲರೂ ಮೊದಲೇ ಮಾತಾಡಿಕೊಂಡಿದ್ದರು. ಮನೆಯ ಶೆಲ್ಫಿನಲ್ಲಿ ರೇಡಿಯೋಗೂ ಗಡಿಯಾರಕ್ಕೂ ನಡುವೆ ಹೆಂಡತಿ ಜಾಗ ಒರೆಸಿಟ್ಟಿದ್ದಳು.

“ಒಂದು ಸುತ್ತೂ ಗೆಲ್ಲದವರಿಗೆ ಬಟ್ಟಲು ಕೊಡೋ ಆಟ ಇದೊಂದೇ ಕಣ್ರಿ ಇರೋದು. ಅದನ್ನೂ ಕಳ್ಕೊಂಡು ಬಂದೀರಾ ಜೋಕೆ,” ಎಂದು ಹಿಂದಿನ ದಿನವೇ ಎಚ್ಚರಿಸಿದ್ದಳು.

ಮೊಳೆ ಕಿತ್ತುಬಂದ ಆ ಭಾನುವಾರವೇ ದೊಡ್ಡ ಪಂದ್ಯ. ಹೊರಗೆ ಬಸ್ಸಿನ ಡ್ರೈವರು ಸ್ಕೂಟರಿನ ಹಾರನ್ನು ಬಸ್ಸಿನದೇ ಎಂಬಂತೆ ಬಾರಿಸಿದ. ಹೆಂಡತಿ ಬಚ್ಚಲಲ್ಲಿದ್ದಳು. ಹಾಸಿಗೆಯವರು ರಾಶಿಯ ಮೇಲೆ ಕಂಡ ಕೋಟನ್ನೆತ್ತಿ ಚೀಲಕ್ಕೆ ತುರುಕಿ ಓಡಿದರು. ಬಯಲಿನಲ್ಲಿ ತೊಟ್ಟಾಗ ಎದೆ ಯಾಕೋ ಭಾರವೆನಿಸಿತು. ಬಟ್ಟಲಿನ ಯೋಚನೆಗೆ ಹಾಗಾಗಿರಬೇಕು ಎಂದುಕೊಂಡರು.

ಮೊದಲ ಸುತ್ತು ಅಂಚೆಯವನ ಜೊತೆ. ಅವನು ಸೈಕಲ್ಲು ತುಳಿದು ತುಳಿದು ಕಾಲಲ್ಲಿ ಗಾಳಿ ತುಂಬಿಕೊಂಡಿದ್ದವನು. ಚಂಗನೆ ಬಂದು ಹಾಸಿಗೆಯವರ ಪಕ್ಕೆಗೆ ಒಂದು ಬಾರಿಸಿದ. ಹಾಸಿಗೆಯವರು ಎಂದಿನಂತೆ ಕಣ್ಣುಮುಚ್ಚಿ, ಬಾಯಿ ತೆರೆದು, ನೋವಿಗಾಗಿ ಕಾದರು. ನೋವು ಬರಲಿಲ್ಲ. ಯಾರೋ ತಲೆದಿಂಬು ತಂದು ಪಕ್ಕಕ್ಕಿಟ್ಟ ಹಾಗಾಯಿತು. ಒಂದು ಕಣ್ಣು ತೆರೆದು ನೋಡಿದರು. ಅಂಚೆಯವನು ಅವರು ಬೀಳುವುದನ್ನೇ ಕಾಯುತ್ತ ಗುರಾಣಿ ಇಳಿಬಿಟ್ಟು ನಿಂತಿದ್ದ.

ಕಣ್ಣು ತೆರೆದು ಎದುರಾಳಿಯನ್ನು ನೋಡಿದ್ದು ಅವರಿಗೆ ಅದೇ ಮೊದಲು. “ಏಟು ತೋಳಿಂದ ಅಲ್ಲ, ಸೊಂಟದಿಂದ ಬರಬೇಕು” ಎಂದು ಮೇಷ್ಟ್ರಮ್ಮ ವರ್ಷಗಟ್ಟಲೆ ಹೇಳಿದ್ದು ಈಗ ನೆನಪಾಯಿತು. ಸೊಂಟ ತಿರುಗಿಸಿದರು. ಕತ್ತಿ ತಾನಾಗಿಯೇ ಹೋಗಿ ಅಂಚೆಯವನ ಭುಜದ ಮೇಲೆ ಕೂತಿತು.

“ತಾಗಿತು,” ಎಂದ ಅಂಚೆಯವನು, ಮಂಡಿಯೂರುತ್ತ. ಆಮೇಲೆ ತಲೆಯೆತ್ತಿ ಮೆತ್ತಗೆ ಕೇಳಿದ: “ಮುಂಚಿನ ನನ್ನೇಟು... ಹಗುರಾಯ್ತಾ, ಅಣ್ಣಾ?”

“ಹೂಂ ಕಣಪ್ಪ. ಸ್ವಲ್ಪ ಹಗುರಾಯ್ತು,” ಎಂದರು ಹಾಸಿಗೆಯವರು. ನಿಜವನ್ನೇ ಹೇಳಿದ್ದರು. ಗೆದ್ದ ಸಂತೋಷದಲ್ಲಿ ಆ ಪ್ರಶ್ನೆಯ ಮುಳ್ಳು ಅವರಿಗೆ ಚುಚ್ಚಲಿಲ್ಲ.

ಎರಡನೆಯ ಸುತ್ತಿಗೆ ಎದುರಾದವರು ಹಲ್ಲಿನ ಡಾಕ್ಟರು. ಎತ್ತರ, ಗಾತ್ರ ಎಲ್ಲದರಲ್ಲೂ ಹಾಸಿಗೆಯವರ ಅಳತೆಯವರೇ. ಗುಣ ಮಾತ್ರ ತದ್ವಿರುದ್ಧ. ಅವರ ಮೇಲೆ ಏಟು ಹಾಕುವುದೆಂದರೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. “ಸವರ್ಕೊಂಡು ಹೋಯ್ತು”, “ಗುರಾಣಿಗೆ ಬಿತ್ತು”, “ಗಾಳಿ ಬೀಸಿತು” ಅನ್ನುವವರೇ ಹೊರತು ‘ತಾಗಿತು’ ಎಂಬ ಪದ ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಬೇರೆಯವರ ಬಾಯಿ ತೆರೆಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು.

ಡಾಕ್ಟರು ಬೀಸಿದ ಏಟಿಗೆ ಬೇಲಿಯ ಮೇಲಿದ್ದ ಕಾಗೆಗಳು ಹಾರಿಹೋದವು. ಹಾಸಿಗೆಯವರಿಗೆ ಮಾತ್ರ ಯಾರೋ ಶಾಲು ಹೊದಿಸಿದಂತಾಯಿತು. ಇನ್ನೊಂದು ಬಿತ್ತು, ಇನ್ನೊಂದು ಶಾಲು. ಸನ್ಮಾನ ಮುಗಿಯುವ ಲಕ್ಷಣ ಕಾಣದೆ ಅವರು ಸಂಕೋಚದಿಂದಲೇ ಕತ್ತಿ ಚಾಚಿ ಡಾಕ್ಟರ ಪಕ್ಕೆಗೆ ಒಂದು ತಟ್ಟಿದರು.

“ಅಯ್ಯಯ್ಯೋ ಅಮ್ಮಾ! ತಾಗಿತು! ತಾಗಿತು!”

ಡಾಕ್ಟರು ಪಕ್ಕೆ ಹಿಡಿದು ಕುಸಿದಿದ್ದರು. ತಮ್ಮ ಬಾಯಿಂದ ಬಂದ ಮಾತಿಗೆ ಅವರಿಗೇ ಬೆರಗು. ಮೇಷ್ಟ್ರಮ್ಮನ ಕೈಯಿಂದ ಕೋಲು ಜಾರಿತು.

“ಡಾಕ್ಟ್ರು ಒಪ್ಕೊಂಡ್ರು!” ಎಂದ ಅಂಚೆಯವನು, ಸೂರ್ಯಗ್ರಹಣ ಕಂಡವನಂತೆ.

ಡಾಕ್ಟರು ಕೆಳಗಿನಿಂದಲೇ ಉಸಿರು ಸುಧಾರಿಸಿಕೊಂಡು ಕೇಳಿದರು: “ನನಗೆ ತಾಗಿದ್ದು ತಾಗಿತು ಅಂದೆ. ನಾನು ಕೊಟ್ಟಿದ್ದು ಎರಡು... ಎರಡೂ ಹಗುರಾಯ್ತಾ, ಅಣ್ಣಾ?”

ಈ ಸಲ ಮುಳ್ಳು ಚುಚ್ಚಿತು.

ಊಟದ ಹೊತ್ತಿಗೆ ಹಾಸಿಗೆಯವರು ಕೂತ ಕಲ್ಲುಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಆಚೆ ಡಾಕ್ಟರ ಸುತ್ತ ಜನವೋ ಜನ. ಒಬ್ಬರು ಬಾಳೆಹಣ್ಣು ಸುಲಿದುಕೊಡುತ್ತಿದ್ದರು. “ಬಟ್ಟಲು ಹತ್ರ ಬಂದಾಗ ಎಂಥವರಿಗೂ ಚರ್ಮ ದಪ್ಪ ಆಗುತ್ತೆ,” ಎಂದು ಯಾರೋ ಅಂದದ್ದು ಕೇಳಿ ಹಾಸಿಗೆಯವರ ಕೈ ತಾನಾಗಿ ಹೆಗಲು ಮುಟ್ಟಿಕೊಂಡಿತು, ಕುಂಬಳಕಾಯಿ ಕಳ್ಳನ ಕೈಯ ಹಾಗೆ. ಮುಟ್ಟಿದ ಕೈ ಅಲ್ಲೇ ನಿಂತಿತು. ಆಯುಷ್ಯವೆಲ್ಲ ಹತ್ತಿಯಲ್ಲಿ ಕಳೆದ ಕೈ ಅದು. ಅದಕ್ಕೆ ಸುಳ್ಳು ಹೇಳಿ ಗೊತ್ತಿರಲಿಲ್ಲ.

ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೋಟು ಬಿಚ್ಚಿ ಒಳಮಗ್ಗಲು ನೋಡಿದರು. ಹಳೆಯ ಹತ್ತಿಯ ಮೇಲೆ ಹೊಸ ಹತ್ತಿ, ಎರಡು ಪದರ. ಒತ್ತೊತ್ತಾದ ಸಣ್ಣ ಹೊಲಿಗೆ, ಪ್ರತಿ ಸಾಲಿನ ಕೊನೆಗೂ ಒಂದು ಹಿಮ್ಮುಖ ಗಂಟು. ಸಂದೇಹವೇ ಇಲ್ಲ, ಹೆಂಡತಿಯ ಕೈ.

ಹೋದ ವಾರ ಬೆನ್ನಿಗೆ ಮುಲಾಮು ಹಚ್ಚುತ್ತ ಅವಳು ಅಂದಿದ್ದಳು: “ಹೀಗೆ ಬಾಸುಂಡೆ ಹೊತ್ಕೊಂಡು ಬರ್ತಿದ್ರೆ ನಾನೇ ಏನಾದ್ರೂ ಒಂದು ದಾರಿ ನೋಡ್ತೀನಿ.” ನೋಡಿದ್ದಾಳೆ! ತನಗೆ ಹೇಳದೆ, ತಾನು ಬೇಡ ಅನ್ನುತ್ತೇನೆಂದು ಗೊತ್ತಿದ್ದು, ಯಾವಾಗಲೋ ಕೂತು ಹೊಲಿದಿದ್ದಾಳೆ. ಮದುವೆಯಾದಾಗಿನಿಂದ ಅವಳು ಪ್ರೀತಿಯ ಮಾತು ಅಂತ ಒಂದೂ ಆಡಿದವಳಲ್ಲ. ಇಷ್ಟು ದಿನ ಅದೆಲ್ಲಿತ್ತೆಂದರೆ, ಇಲ್ಲಿತ್ತು, ಪಟ್ಟೆ ಬಟ್ಟೆಯ ಒಳಗೆ.

ಹೊರಗೆ ಹೋಗಿ ಹೇಳಿದರೆ ಹೆಸರು ಉಳಿಯುತ್ತದೆ. ಆದರೆ ಅವಳ ಹೆಸರು? ಬಯಲೆಲ್ಲ ಅವಳನ್ನು ಆಡಿಕೊಳ್ಳುತ್ತದೆ. ಅವರು ಹಲ್ಲಿನಿಂದ ಹೊಲಿಗೆ ಕಿತ್ತು ಹತ್ತಿ ತೆಗೆಯತೊಡಗಿದರು. ಹೊಸದು ಹೋಯಿತು, ಆವೇಶದಲ್ಲಿ ಹಳೆಯದೂ ಹೋಯಿತು. ಉಳಿದದ್ದು ಹೆಚ್ಚುಕಡಿಮೆ ಬರೀ ಬಟ್ಟೆ. ತೆಗೆದ ಹತ್ತಿಯನ್ನೆಲ್ಲ ಹಳೆಯ ಪೀಪಾಯಿಗೆ ತುರುಕಿ, ಮುಚ್ಚಳ ಹಾಕಿ, ಮೇಲೆ ತಾವೇ ಕೂತು ಅದುಮಿದರು.

ಮೂರನೆಯ ಸುತ್ತು ಬಸ್ಸಿನ ಡ್ರೈವರನ ಜೊತೆ. ಅವನ ಏಟು ಅವನ ಬ್ರೇಕಿನಂತೆ; ಬಿದ್ದರೆ ಹಿಂದಿನ ಸೀಟಿನವರೆಗೂ ತಿಳಿಯುತ್ತಿತ್ತು. ಹಾಸಿಗೆಯವರು ಗುರಾಣಿಯನ್ನು ಬೇಕೆಂದೇ ಒಂದಿಷ್ಟು ಪಕ್ಕಕ್ಕೆ ಸರಿಸಿ ಅರ್ಧ ತಿರುಗಿದರು. ಬೆತ್ತ ಬೆನ್ನಿನ ಮೇಲೆ ಬಿತ್ತು. ಕಣ್ಣಿನಲ್ಲಿ ನಕ್ಷತ್ರ, ಬಾಯಲ್ಲಿ ನಗು.

“ತಾಗಿತು!” ಎಂದರು, ಕಳೆದುಹೋದ ಮಗು ಸಿಕ್ಕಿದಂತೆ.

ಡ್ರೈವರು ಚಪ್ಪಾಳೆಗೆ ಕೈ ಎತ್ತಿದವನು ಹಾಗೇ ನಿಂತ. ಹಾಸಿಗೆಯವರ ತೋಳಿನ ಸಂದಿಯಿಂದ ಹತ್ತಿಯ ಎಳೆಯೊಂದು ಹೊರಗೆ ಇಣುಕುತ್ತಿತ್ತು. ಅವನು ಹಿಡಿದೆಳೆದ. ಅದು ಬಂತು, ಬರುತ್ತಲೇ ಇತ್ತು.

“ಏನಣ್ಣಾ ಇದು? ಒಳಗೆ ಜೋಡಿ ಹಾಸಿಗೆ ಹಾಸ್ಕೊಂಡಿದ್ರಾ?”

ಅಷ್ಟರಲ್ಲಿ ಪೀಪಾಯಿಯ ಮುಚ್ಚಳ ಹಾರಿತು. ತೆರೆದ ಬಾಗಿಲಿನಿಂದ ಹತ್ತಿ ತೇಲುತ್ತ ಬಂದು ಮೇಷ್ಟ್ರಮ್ಮನ ತಲೆಯ ಮೇಲೆ ಕೂತಿತು.

“ಯಾರು ತುಂಬಿದ್ದು ಇದನ್ನ?” ಎಂದು ಮೇಷ್ಟ್ರಮ್ಮ ಕೇಳಿದರು. ದನಿಯಲ್ಲಿ ಕೋಪಕ್ಕಿಂತ ಆಸೆಯೇ ಹೆಚ್ಚಿತ್ತು. ಬೇರೆ ಏನಾದರೂ ಹೇಳಲಿ ಎಂಬ ಆಸೆ.

ಹಾಸಿಗೆಯವರು ನೆಲ ನೋಡಿದರು. ಆ ಬಯಲಿನಲ್ಲಿ ಅವರು ಆಡಿದ ಒಂದೇ ಒಂದು ಸುಳ್ಳು ಆಗ ಅವರ ಬಾಯಿಂದ ಬಂತು.

“ನಾನೇ, ಮೇಡಂ.”

ಅದನ್ನು ಮಾತ್ರ ಎಲ್ಲರೂ ತಟ್ಟನೆ ನಂಬಿದರು.

ಸಂಜೆ ಕಲ್ಲುಗಳೆಲ್ಲ ಡಾಕ್ಟರ ಶಿರಸ್ತ್ರಾಣದ ಮುಂದೆ ಗುಡ್ಡೆಯಾದವು. ಹಾಸಿಗೆಯವರೂ ತಮ್ಮ ಕಲ್ಲನ್ನು ಅಲ್ಲೇ ಇಟ್ಟರು. ಅವತ್ತು ಡಾಕ್ಟರಷ್ಟು ಸರಿಯಾಗಿ ಏಟೊಪ್ಪಿಕೊಂಡವರು ಬೇರೆ ಯಾರೂ ಇಲ್ಲವೆಂದು ಅವರಿಗೂ ಅನ್ನಿಸಿತ್ತು. ತಮ್ಮ ಶಿರಸ್ತ್ರಾಣದ ಮುಂದೆ ಹುಲ್ಲು ಮಾತ್ರ ಇತ್ತು.

ಮನೆಯಲ್ಲಿ ಹೆಂಡತಿ ಬೆನ್ನು ನೋಡಿ ಹೌಹಾರಿ, ಮುಲಾಮಿನ ಡಬ್ಬಿ ತಂದಳು. ಬಟ್ಟಲಿನ ವಿಷಯ ಕೇಳಲಿಲ್ಲ, ಮುಖದಲ್ಲೇ ಬರೆದಿತ್ತು.

“ನೋಡೇ, ನನಗೇನೂ ಕೋಪ ಇಲ್ಲ,” ಎಂದರು ಹಾಸಿಗೆಯವರು ಮೃದುವಾಗಿ. “ನೀನು ಹತ್ತಿ ಹಾಕಿದ್ದು ನನಗೆ ಗೊತ್ತಾಯ್ತು. ನಿನ್ನ ಹೆಸರು ಹೇಳಲಿಲ್ಲ.”

“ಯಾವ ಹತ್ತಿ?”

“ನನ್ನ ಕೋಟಿಗೆ, ಎರಡು ಪದರ.”

“ನಿಮ್ಮ ಕೋಟಿಗೆ ನಾನ್ಯಾಕೆ ಹಾಕ್ಲಿ? ಬೇಡ ಅಂತ ಕೂಗಾಡ್ತೀರಿ ಅಂತ ಹೊಸ ಮುಲಾಮು ತರಿಸಿಟ್ಟೆ, ಅಷ್ಟೇ.” ಅವಳ ಕೈ ಬೆನ್ನ ಮೇಲೆ ನಿಂತಿತು. “ಹತ್ತಿ ಹಾಕಿದ್ದು ಹಲ್ಲಿನ ಡಾಕ್ಟ್ರ ಕೋಟಿಗೆ. ಯಜಮಾನ್ರಿಗೆ ಹೇಳ್ಬೇಡ ತಂಗಿ ಅಂತ ಕೈಮುಗಿದ್ರು. ರಾಶೀಲಿತ್ತಲ್ಲ, ಬೆಳಿಗ್ಗೆ ಬಂದು ಮೇಲಿದ್ದದ್ದನ್ನ ತಗೊಂಡೂ ಹೋದ್ರು... ಅಯ್ಯೋ ದೇವ್ರೇ. ಮೊಳೆ!”

ಇಬ್ಬರೂ ಬರಿಗೋಡೆಯ ತೂತು ನೋಡುತ್ತ ಕೂತರು.

ಬಾಗಿಲಲ್ಲಿ ಡಾಕ್ಟರು ಕೆಮ್ಮಿದರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಟ್ಟಲು. ಒಳಗೆ ಬಂದವರು ಚೀಲ ಬಿಚ್ಚಲು ಕೈ ಬೇಕೆಂದು ಬಟ್ಟಲನ್ನು ಶೆಲ್ಫಿನ ಮೇಲಿಟ್ಟರು. ರೇಡಿಯೋಗೂ ಗಡಿಯಾರಕ್ಕೂ ನಡುವೆ ಅದು ಅಳತೆ ತೆಗೆದಂತೆ ಕೂತಿತು.

“ಇನ್ನು ನಿಮ್ಮ ಮುಂದೆ ಮುಚ್ಚುಮರೆ ಏನು, ನೀವೂ ನಮ್ಮ ಪೈಕಿನೇ ಅಂತ ಇವತ್ತು ಗೊತ್ತಾಯ್ತಲ್ಲ,” ಎಂದು ಹಾಸಿಗೆಯವರ ಕಡೆ ನಕ್ಕು, ಕೋಟು ತೆಗೆದು ಹೆಂಡತಿಯ ಮುಂದೆ ಹರಡಿದರು. “ಎರಡು ಪದರ ಏನಕ್ಕೂ ಸಾಲಲಿಲ್ಲ ತಂಗಿ. ಮುಂಚಿಗಿಂತ ಜಾಸ್ತಿ ನೋವು! ಇನ್ನೂ ನಾಲ್ಕು ಹಾಕಿಬಿಡು.”

ಹೆಂಡತಿ ಗಂಡನ ಮುಖ ನೋಡಿದಳು. ಈಗ ಹೇಳಿ, ಎಂದಿತು ಅವಳ ಕಣ್ಣು.

ಡಾಕ್ಟರು ಪಕ್ಕೆ ಸವರಿಕೊಳ್ಳುತ್ತ, ಸ್ವಲ್ಪ ನಾಚಿಕೆಯಿಂದ ಮುಂದುವರಿಸಿದರು: “ಆದ್ರೂ ಅಣ್ಣಾ, ಒಂದು ಮಾತು. ಇಷ್ಟು ವರ್ಷದಲ್ಲಿ ಮೊದಲ ಸಲ ‘ತಾಗಿತು’ ಅಂದೆ ನೋಡಿ, ಆವಾಗ ಒಳಗೆ ಏನೋ ಒಂಥರಾ ತಣ್ಣಗಾಯ್ತು. ಈ ಬಟ್ಟಲು ನನಗೆ ಹಲ್ಲಿನ ಡಿಗ್ರಿಗಿಂತ ಹೆಚ್ಚು. ರಾತ್ರಿ ತಲೆ ಹತ್ರ ಇಟ್ಕೊಂಡು ಮಲಗ್ತೀನಿ.”

ಹಾಸಿಗೆಯವರು ಬಾಯಿ ತೆರೆದಿದ್ದರು. ಆ ಮುಖವನ್ನೊಮ್ಮೆ ನೋಡಿದರು, ಎದುರಿಗೆ ಹರಡಿದ್ದ ತಮ್ಮದೇ ಹಳೆಯ ತೆಳ್ಳಗಿನ ಕೋಟನ್ನು ನೋಡಿದರು, ಬಾಯಿ ಮುಚ್ಚಿದರು.

ಡಾಕ್ಟರು ಬಟ್ಟಲನ್ನೆತ್ತಿಕೊಂಡು, ಹೋಗುತ್ತ ಬಾಗಿಲಲ್ಲಿ ನಿಂತು ಅವರ ಬೆನ್ನನ್ನು ಕಂಡರು.

“ಡ್ರೈವರಂದು ತಾನೇ? ಆ ಏಟಾದ್ರೂ ಹಗುರಾಯ್ತಾ, ಅಣ್ಣಾ?”

ಶೆಲ್ಫಿನ ಖಾಲಿ ಜಾಗ ನೋಡುತ್ತ ಹಾಸಿಗೆಯವರು ನಿಧಾನವಾಗಿ ಹೇಳಿದರು: “ಇಲ್ಲ ಡಾಕ್ಟ್ರೇ. ತಾಗಿತು.”